ಎಳೆಯ ಕಾಡಿಗೆ ಬೇಲಿ ಬೇಕೇ? ಕಡವೆಯ ಮೇವಿನ ಪರ-ವಿರೋಧ

ಕೊಡಗಿನ ಬೆಟ್ಟದ ಕಾಡುಗಳಲ್ಲಿ ಸಸಿ ನೆಟ್ಟ ಜಾಗಕ್ಕೆ ಕಡವೆ, ಜಿಂಕೆ ನುಗ್ಗದಂತೆ ಬೇಲಿ ಹಾಕಬೇಕೇ?

ಪರ

ಕಡವೆ ಹುಲ್ಲನ್ನಷ್ಟೇ ನಂಬಿ ಬದುಕುವ ಪ್ರಾಣಿಯಲ್ಲ. ಬೇಸಿಗೆಯಲ್ಲಿ ಹುಲ್ಲು ಒಣಗಿತೆಂದರೆ ಸೊಪ್ಪು, ಎಳೆ ಕೊಂಬೆ, ತೊಗಟೆ ಯಾವುದಕ್ಕೂ ಬಾಯಿ ಹಾಕುತ್ತದೆ. ಬೆಳೆದ ಗಂಡು 200 ಕಿಲೋ ದಾಟುತ್ತದೆ. ಆ ಹೊಟ್ಟೆಗೆ ಮೇವು ಎಲ್ಲಿಂದಲಾದರೂ ಬರಲೇಬೇಕಲ್ಲ! ಅದು ಮೇಯ್ದ ಸಸಿಯನ್ನು ಗುರುತಿಸುವುದು ಕಷ್ಟವಲ್ಲ. ಜಿಂಕೆಯ ಜಾತಿಗೆ ಮೇಲ್ದವಡೆಯಲ್ಲಿ ಬಾಚಿಹಲ್ಲಿಲ್ಲ, ಹಾಗಾಗಿ ಚಿಗುರನ್ನು ಕಡಿಯದೆ ಕೀಳುತ್ತದೆ, ತುದಿ ನಾರುನಾರಾಗಿ ಉಳಿಯುತ್ತದೆ. ಮೊಲ ಕಡಿದ ಸಸಿಯಾದರೆ ಚಾಕುವಿನಿಂದ ಕೊಯ್ದಂತೆ ಓರೆಯಾಗಿರುತ್ತದೆ. ತುದಿ ಕಳೆದುಕೊಂಡ ಸಸಿ ಪಕ್ಕಕ್ಕೆ ಕವಲೊಡೆಯುತ್ತದೆ. ಆ ಕವಲನ್ನೂ ಮೇಯ್ದರೆ ವರ್ಷಗಟ್ಟಲೆ ಮೊಣಕಾಲೆತ್ತರದ ಪೊದೆಯಾಗಿಯೇ ನಿಲ್ಲುತ್ತದೆ. ಗಂಡು ಕಡವೆ ಕೊಂಬು ತಿಕ್ಕಿ ಎಳೆಮರದ ತೊಗಟೆ ಸುಲಿಯುವುದು ಬೇರೆ.

ಬ್ರಿಟಿಷರ ಕಾಲದಲ್ಲಿ ಅಂಡಮಾನಿಗೆ ಒಯ್ದು ಬಿಟ್ಟ ಚುಕ್ಕೆ ಜಿಂಕೆಗಳು ಅಲ್ಲಿನ ಕಾಡಿನಲ್ಲಿ ಎಳೆ ಸಸಿಗಳು ಮೇಲೇಳದಂತೆ ಮಾಡಿವೆ. ಬ್ರಹ್ಮಗಿರಿಯಂಥ ಕಡೆ, ಹುಲ್ಲುಗಾವಲಿಗೆ ತಾಗಿದ ಶೋಲಾದ (ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ಕುಳ್ಳ ಮರಗಳ ಕಾಡು) ಅಂಚಿನಲ್ಲಿ, ಮರ ಬೆಳೆಯುವುದೇ ನಿಧಾನ. ಇಡೀ ಬೆಟ್ಟಕ್ಕೆ ಬೇಲಿ ಹಾಕಿ ಎಂದು ಯಾರೂ ಕೇಳುತ್ತಿಲ್ಲ. ತುದಿ ಕಡವೆಯ ಬಾಯಿಗೆ ಎಟುಕದಷ್ಟು ಎತ್ತರವಾಗುವವರೆಗೆ, ಸಸಿಯಿರುವ ತುಣುಕಿಗಷ್ಟೇ ಸಾಕು.

ವಿರೋಧ

ಅಂಡಮಾನನ್ನು ಕೊಡಗಿಗೆ ಎಳೆದು ತಂದದ್ದೇ ಎಡವಟ್ಟು. ಅಲ್ಲಿ ಹುಲಿ, ಚಿರತೆ, ಸೀಳುನಾಯಿ ಯಾವುದೂ ಇಲ್ಲ. ನಾಗರಹೊಳೆಯಲ್ಲಿ ಮೂರೂ ಇವೆ, ಮೂರಕ್ಕೂ ಕಡವೆ, ಜಿಂಕೆಯೇ ಊಟ.

ತಿನ್ನುವ ಬಾಯಿಯೇ ಬಿತ್ತುತ್ತದೆ ಎಂಬುದನ್ನೂ ಮರೆಯಬಾರದು. ಜಿಂಕೆ ನೆಲ್ಲಿಕಾಯಿ ನುಂಗಿ, ಬೇರೆಲ್ಲೋ ಮಲಗಿ ಮೆಲುಕು ಹಾಕುವಾಗ ಗಟ್ಟಿ ಬೀಜವನ್ನು ಉಗುಳುತ್ತದೆ. ಬೇಲಿ ಹಾಕಿದ ತುಣುಕಿಗೆ ಆ ಬೀಜ ಬರುವುದು ಹೇಗೆ?

ಸಸಿಯನ್ನು ನಿಜವಾಗಿ ಉಸಿರುಗಟ್ಟಿಸುತ್ತಿರುವುದು ಲಂಟಾನ ಮತ್ತು ಬೇಸಿಗೆಯ ಬೆಂಕಿ. ಲಂಟಾನವನ್ನು ಜಿಂಕೆ ಮೂಸಿಯೂ ನೋಡುವುದಿಲ್ಲ ಎನ್ನಬಹುದು. ಅದು ಹಬ್ಬಿದಷ್ಟೂ ಹುಲ್ಲು ಕಡಿಮೆ, ಹುಲ್ಲು ಕಡಿಮೆಯಾದಷ್ಟೂ ಸಸಿಯ ಮೇಲೆ ಬಾಯಿ. ಕಳೆ ಕೀಳುವುದು ಬಿಟ್ಟು ಕಡವೆಯನ್ನು ದೂರುವುದು ಸುಲಭದ ಕೆಲಸ. ಇನ್ನು ತಂತಿ ಬೇಲಿ ಎಷ್ಟು ದಿನ ನಿಲ್ಲುತ್ತದೆ? ಆನೆ ಒಂದು ರಾತ್ರಿ ದಾಟಿದರೆ ಮುಗಿಯಿತು, ಬಿದ್ದ ತಂತಿ ಉರುಳು ಕಟ್ಟುವವರ ಕೈಗೆ ಸಿಗುತ್ತದೆ. ತೋಟದಂಚಿನ ಉರುಳಿಗೆ ಚಿರತೆ ಸಿಕ್ಕಿಬೀಳುವುದು ಕೊಡಗಿಗೆ ಹೊಸ ಸುದ್ದಿಯೇನಲ್ಲ.

ಊರ ನಡುವಿನ ಸಣ್ಣ ದೇವರಕಾಡಿನಲ್ಲಿ ಸಸಿ ನೆಟ್ಟರೆ ಬೇಲಿ ಇರಲಿ, ತಕರಾರಿಲ್ಲ. ಅಲ್ಲಿ ಅದು ಕಡವೆಗಿಂತ ಊರ ದನಗಳನ್ನು ತಡೆಯಲು ಬೇಕು.