ಭೂಮಿವಾರ ಯಾಕಿಲ್ಲ ಅತ್ತೆ?

ಮೊನ್ನೆ ರಾತ್ರಿ ಹತ್ತೂವರೆಗೆ ಬೆಂಗಳೂರಿನಲ್ಲಿ ನನ್ನ ತಮ್ಮ ಮಂಗಳ ಗ್ರಹವನ್ನು ಕರಗಿಸಿಬಿಟ್ಟ.

ತಮಾಷೆ ಅಲ್ಲ. ಒಂದು ಮದುವೆಗೆ ಅಂತ ಹೋದವಳು ಅವನ ಮನೆಯಲ್ಲಿ ಉಳಿದುಕೊಂಡಿದ್ದೆ. ಊಟ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಟೇಬಲ್ ತುಂಬಾ ಥರ್ಮಾಕೋಲ್ ಉಂಡೆಗಳು. ಒಂದು ಕಡೆ ತಮ್ಮ, ಇನ್ನೊಂದು ಕಡೆ ಅವನ ಹೆಂಡತಿ. ನಾಲ್ಕನೇ ಕ್ಲಾಸಿನ ಮಗಳ ಸೌರಮಂಡಲದ ಪ್ರಾಜೆಕ್ಟ್ ಬೆಳಿಗ್ಗೆ ಕೊಡಲೇಬೇಕಂತೆ. ಮಗಳು ಎಲ್ಲಿ? ಸೋಫಾದ ಮೇಲೆ ಕಾಲು ಚಾಚಿಕೊಂಡು ಮೊಬೈಲ್ ನೋಡುತ್ತಿದ್ದಾಳೆ. ಬ್ರಶ್ ಹಿಡಿದು ಕೂತರೆ ಬೆಳಗಾಗುತ್ತೆ ಅಂತ ತಮ್ಮ, ಬೈಕಿಗೆ ಹೊಡೆಯುವ ಕೆಂಪು ಸ್ಪ್ರೇ ಪೇಂಟ್ ತಂದು ಮಂಗಳನ ಮೇಲೆ ಬುಸ್ ಅಂತ ಬಿಟ್ಟ. ಥರ್ಮಾಕೋಲ್ ಚಿರ್ ಅಂತ ಕುಗ್ಗಿತು. ನಿಂಬೆಹಣ್ಣಿನ ಗಾತ್ರ ಇದ್ದ ಮಂಗಳ ನೋಡನೋಡುತ್ತಲೇ ಹುಳುಕು ಹಲ್ಲಿನ ಹಾಗಾಯಿತು.

ಆಗ ಎದ್ದು ಬಂದಳು ನೋಡಿ ನಮ್ಮ ಹುಡುಗಿ. "ಅಪ್ಪಾ, ಹೆಂಗೆ ಕರಗ್ತು? ಅದು ಬಿಸಿನೇ ಇಲ್ವಲ್ಲ!"

"ಹೋಗೆ, ಮಲ್ಕೋ. ನಾಳೆ ಬಸ್ ತಪ್ಪುತ್ತೆ."

ಆ ರಾತ್ರಿ ಆ ಮನೆಯಲ್ಲಿ ಹುಟ್ಟಿದ ಒಂದೇ ಒಂದು ವಿಜ್ಞಾನದ ಪ್ರಶ್ನೆ ಅದು. ಅದನ್ನು ಮಲಗಿಸಿಬಿಟ್ಟರು. ಥರ್ಮಾಕೋಲ್ ಅಂದರೆ ಬಹುಪಾಲು ಗಾಳಿ. ಪೇಂಟಿನಲ್ಲಿರುವ ಥಿನ್ನರ್ ಅದರ ತೆಳು ಗೋಡೆಗಳನ್ನು ಕರಗಿಸಿದರೆ ಒಳಗಿನ ಗಾಳಿ ಹೊರಗೆ ಹೋಗಿ ಉಂಡೆ ಕುಸಿಯುತ್ತೆ. ಹೇಳೋಕೆ ಒಂದು ನಿಮಿಷ ಸಾಕು.

ನಾನು ಬಾಯಿ ಮುಚ್ಚಿಕೊಂಡಿರುವ ಪೈಕಿ ಅಲ್ಲ ಅಂತ ನಿಮಗೆಲ್ಲ ಗೊತ್ತು. ಇಪ್ಪತ್ತಾರು ವರ್ಷ ಸರ್ಕಾರಿ ಶಾಲೆಯಲ್ಲಿ ಕೂಗಿ ಕೂಗಿ ಗಂಟಲು ಗಟ್ಟಿಯಾಗಿದೆ. ಆದರೂ ಅವತ್ತು ಸುಮ್ನಿದ್ದೆ. ತಮ್ಮನ ಮನೆ, ಒಂದು ದಿನಕ್ಕೆ ಹೋದವಳು, ಯಾಕೆ ಬೇಕು ಅಂತ. ಹಾಗಾಗಿ ಆ ಸಿಟ್ಟನ್ನೆಲ್ಲ ಈಗ ನಿಮ್ಮ ಮೇಲೆ ಇಳಿಸುತ್ತಿದ್ದೇನೆ. ಸಹಿಸಿಕೊಳ್ಳಿ.

ಶಾಲೆಯವರು ಪೋಷಕರ ವಾಟ್ಸಾಪ್ ಗ್ರೂಪಿಗೆ ಕಳಿಸಿದ್ದ ಸೂಚನೆಯನ್ನೂ ತಮ್ಮನ ಹೆಂಡತಿ ತೋರಿಸಿದಳು. ಓದಿದರೆ ಎಷ್ಟು ಚೆನ್ನಾಗಿದೆ ಗೊತ್ತಾ? ಎಲ್ಲ ವಿಷಯಗಳನ್ನೂ ಬೆಸೆಯುವ ಪ್ರಾಜೆಕ್ಟ್ ಅಂತೆ. ವಿಜ್ಞಾನಕ್ಕೆ ಮಾಡೆಲ್. ಗಣಿತಕ್ಕೆ ಗ್ರಹಗಳ ವ್ಯಾಸದ ಪಟ್ಟಿ, ಅಂದರೆ ಗೂಗಲ್ ನೋಡಿ ಬರೆಯೋದು. ಕನ್ನಡಕ್ಕೆ ಗ್ರಹಗಳ ಹೆಸರು, ಎರಡೆರಡು ಸಲ. ಇಂಗ್ಲಿಷಿಗೆ 'ನಾನೊಂದು ಗ್ರಹವಾಗಿದ್ದರೆ' ಅಂತ ಹತ್ತು ಸಾಲು, ಅದನ್ನೂ ಅಮ್ಮನೇ ಬರೆದಾಗಿತ್ತು. ಚಿತ್ರಕಲೆಗೆ ಬಣ್ಣ. ಇಷ್ಟನ್ನೂ ಒಂದೇ ಚಾರ್ಟಿಗೆ ಅಂಟಿಸಿದರೆ ವಿಷಯಗಳು ಬೆಸೆದುಕೊಂಡವು. ಬೆಸೆದದ್ದು ಯಾವುದು ಅಂದರೆ ಫೆವಿಕಾಲ್.

ನನ್ನ ತಕರಾರು ಇಷ್ಟೇ. ಮಗುವಿಗೆ ಒಂದು ಪ್ರಶ್ನೆ ಹುಟ್ಟಬೇಕು. ಅದಕ್ಕೆ ಉತ್ತರ ಹುಡುಕುವಾಗ ಲೆಕ್ಕ ಬೇಕಾದರೆ ಲೆಕ್ಕ, ಭಾಷೆ ಬೇಕಾದರೆ ಭಾಷೆ ತಾನಾಗೇ ಬರಬೇಕು. ಪ್ರಶ್ನೆಯೇ ಇಲ್ಲದೆ ಐದು ವಿಷಯ ಅಂಟಿಸಿದರೆ ಐದು ಹೋಂವರ್ಕ್ ಆಗುತ್ತೆ ಅಷ್ಟೇ.

ಇನ್ನು ಆ ಮಾಡೆಲ್. ಎರಡಡಿ ರಟ್ಟಿನ ಮೇಲೆ ಮಧ್ಯೆ ಸೂರ್ಯ, ಸುತ್ತ ಎಂಟು ಉಂಡೆ, ಎಲ್ಲ ಒಂದೊಂದು ಗೇಣು ದೂರ. ನಾನು ಮಲಗಿಕೊಂಡೇ ಲೆಕ್ಕ ಹಾಕಿದೆ, ನಿದ್ದೆ ಬರಲಿಲ್ಲ ನೋಡಿ. ಸೂರ್ಯನಿಂದ ನೆಪ್ಚೂನ್ ತನಕದ ದೂರವನ್ನು ನಿಜವಾದ ಅಳತೆಯಲ್ಲಿ ಎರಡಡಿಗೆ ಇಳಿಸಿದರೆ ಭೂಮಿ ಸೂರ್ಯನಿಂದ ಎರಡು ಸೆಂಟಿಮೀಟರ್ ದೂರದಲ್ಲಿರುತ್ತೆ. ಸೂರ್ಯನ ಗಾತ್ರ ಎಷ್ಟು? ಒಂದು ಮಿಲಿಮೀಟರಿನಲ್ಲಿ ಐದನೇ ಒಂದು ಭಾಗ. ಪೆನ್ಸಿಲ್ ಮೊನೆ ತಾಗಿಸಿದ ಚುಕ್ಕೆ. ಭೂಮಿ ಕಣ್ಣಿಗೇ ಕಾಣಲ್ಲ. ಮಕ್ಕಳು ಆ ರಟ್ಟು ನೋಡಿ ಏನು ಕಲಿಯುತ್ತಾರೆ? ಗ್ರಹಗಳು ಅಕ್ಕಪಕ್ಕದ ಮನೆಯವರ ಹಾಗೆ ಇದ್ದಾವೆ ಅಂತ.

ನಮ್ಮ ಶಾಲೆಯಲ್ಲಿ ನಾವು ಮಾಡುವುದು ಹೀಗೆ. ಖರ್ಚು ಸೊನ್ನೆ, ಅದನ್ನು ಮೊದಲೇ ಹೇಳಿಬಿಡ್ತೀನಿ.

ಭೂಮಿ ಅಂದರೆ ಒಂದು ಸಾಸಿವೆ ಕಾಳು, ಎರಡು ಮಿಲಿಮೀಟರಿನದು. ಬಿಸಿಯೂಟದ ಅಡುಗೆಯವರ ಹತ್ತಿರ ದಪ್ಪದ್ದು ಆರಿಸಿ ತಂದದ್ದು. ಹಾಗಾದರೆ ಸೂರ್ಯ? ಭೂಮಿಗಿಂತ 109 ಪಟ್ಟು ಅಗಲ. ಎರಡು ಗುಣಿಸು 109. ಐದನೇ ಕ್ಲಾಸಿನ ಹುಡುಗರು ಗುಣಿಸಿ 218 ಮಿಲಿಮೀಟರ್ ಅಂದರು. ಸ್ಕೇಲ್ ಹಿಡಿದುಕೊಂಡು ಶಾಲೆಯೆಲ್ಲ ತಿರುಗಿದರು. ಬಕೆಟ್ ಆಯಿತು, ತಟ್ಟೆ ಆಯಿತು, ಕೊನೆಗೆ ಆಟದ ಸಾಮಾನಿನ ಪೆಟ್ಟಿಗೆಯ ಫುಟ್‌ಬಾಲ್ ಸರಿಹೊಂದಿತು. ಗಾಳಿ ಕಮ್ಮಿಯಾಗಿದ್ದ ಸೂರ್ಯ. ಬುಧನಿಗೆ ಗಸಗಸೆ, ಶುಕ್ರನಿಗೆ ಇನ್ನೊಂದು ಸಾಸಿವೆ, ಮಂಗಳನಿಗೆ ರಾಗಿ. ಗುರುವಿಗೆ ಸಣ್ಣ ನೆಲ್ಲಿಕಾಯಿ, ಶನಿಗೆ ಒಂದು ದಪ್ಪ ಗೋಲಿ, ಯುರೇನಸ್ ನೆಪ್ಚೂನಿಗೆ ಒಣ ಬಟಾಣಿ.

ಫುಟ್‌ಬಾಲನ್ನು ಧ್ವಜಸ್ತಂಭದ ಕಟ್ಟೆಯ ಮೇಲಿಟ್ಟೆವು. ನಮ್ಮ ಮಕ್ಕಳ ಹೆಜ್ಜೆ ಸುಮಾರು ಅರ್ಧ ಮೀಟರ್, ಅದನ್ನೂ ಅವರೇ ಅಳೆದದ್ದು. ಭೂಮಿ ಎಲ್ಲಿ ಬರುತ್ತೆ? 47 ಹೆಜ್ಜೆಗೆ. ಗೇಟಿನ ಹತ್ತಿರ. ಮಂಗಳ ರಸ್ತೆಗೆ ಬಂತು. ಗುರು 120 ಮೀಟರ್ ದಾಟಿ ಹಾಲಿನ ಡೈರಿ ಮುಂದೆ. ಶನಿ ಅರಳಿಕಟ್ಟೆ ಹತ್ತಿರ. ಆಮೇಲೆ ತೆಂಗಿನ ತೋಟ ಶುರುವಾಯಿತು. ಎಣಿಸುತ್ತಾ ಎಣಿಸುತ್ತಾ ಮಕ್ಕಳ ಗದ್ದಲ ನಿಂತೇ ಹೋಯಿತು. ಯುರೇನಸ್ ತೋಟದ ಆ ತುದಿಗೆ. ನೆಪ್ಚೂನ್ ಇಡಬೇಕಾದ್ದು ಕೆರೆ ಏರಿ ಮೇಲೆ, ಸೂರ್ಯನಿಂದ 700 ಮೀಟರ್ ದೂರ, 1400 ಹೆಜ್ಜೆ. ಏರಿ ಮೇಲೆ ನಿಂತು ಒಬ್ಬ ಹುಡುಗ ಅಂಗೈಯಲ್ಲಿ ಬಟಾಣಿ ಹಿಡಿದುಕೊಂಡು ಹಿಂತಿರುಗಿ ನೋಡಿದ. ಶಾಲೆ ಕಾಣಲಿಲ್ಲ. "ಮಿಸ್, ಮಧ್ಯೆ ಏನೂ ಇಲ್ವಲ್ಲ!" ಅಂದ. ನಾನು ಪಾಠ ಮಾಡಿದ್ದರೆ ಈ ಮಾತು ಅವನ ಬಾಯಿಂದ ಬರುತ್ತಿರಲಿಲ್ಲ. ಇದೇ ಅಳತೆಯಲ್ಲಿ ಸೂರ್ಯನ ಪಕ್ಕದ ಮನೆ ನಕ್ಷತ್ರಕ್ಕೆ ಹೋಗಬೇಕಾದರೆ ಆರು ಸಾವಿರ ಕಿಲೋಮೀಟರ್ ಮೀರಿ ನಡೆಯಬೇಕು ಅಂದಾಗ ಮಾತ್ರ ಯಾರೂ ನಂಬಲಿಲ್ಲ. ಬೋರ್ಡಿನ ಮೇಲೆ ಗುಣಿಸಿ ತೋರಿಸಬೇಕಾಯಿತು.

ಮಾರನೇ ದಿನ ಆಟದ ಪೀರಿಯಡ್ಡಿನಲ್ಲಿ 'ಬೆಳಕಾಗಿ ನಡಿ' ಅಂತ ಒಂದು ಆಟ. ಸೂರ್ಯನ ಬೆಳಕು ನಮಗೆ ತಲುಪಲು 8 ನಿಮಿಷ 20 ಸೆಕೆಂಡ್ ಬೇಕು, ಅಂದರೆ 500 ಸೆಕೆಂಡ್. ನಮ್ಮ ಹೆಜ್ಜೆ 47. ಹಾಗಾಗಿ ಹತ್ತು ಸೆಕೆಂಡಿಗೂ ಸ್ವಲ್ಪ ಜಾಸ್ತಿ ಹೊತ್ತಿಗೆ ಒಂದು ಹೆಜ್ಜೆ. ಮೂರನೇ ನಿಮಿಷಕ್ಕೇ ಮಕ್ಕಳಿಗೆ ತಡೆಯಲಾಗಲಿಲ್ಲ. "ಬೆಳಕು ಇಷ್ಟು ನಿಧಾನನಾ ಮಿಸ್?" ಬೆಳಕಿಗಿಂತ ಬೇಗ ಓಡೋದು ಯಾವುದೂ ಇಲ್ಲ ಕಣ್ರೋ, ಜಾಗ ಅಷ್ಟು ದೊಡ್ಡದು ಅಂದೆ. ಮಂಗಳಯಾನದ ಕಥೆ ಹೇಳಲು ಅದೇ ಸರಿಯಾದ ಹೊತ್ತು. 2014ರ ಸೆಪ್ಟೆಂಬರ್ 24ಕ್ಕೆ ಅದು ಮಂಗಳ ತಲುಪಿದಾಗ ಅಲ್ಲಿಂದ ಸುದ್ದಿ ಬರಲು ಸುಮಾರು 12 ನಿಮಿಷ ಬೇಕಿತ್ತು. ನಿಲ್ಲು ಅಂತ ಇಲ್ಲಿಂದ ಕೂಗಿದರೆ ಕೇಳುವಷ್ಟರಲ್ಲಿ ಹೊತ್ತು ಮೀರಿರುತ್ತೆ. ಅದಕ್ಕೇ ಏನು ಮಾಡಬೇಕು ಅನ್ನೋದನ್ನ ಮೊದಲೇ ಅದಕ್ಕೆ ಕಲಿಸಿಟ್ಟಿದ್ದರು. ಆ ನೌಕೆಯ ಜೊತೆ ಮಾತಾಡುತ್ತಿದ್ದ 32 ಮೀಟರ್ ಅಗಲದ ಆಂಟೆನಾ ಇರುವುದು ಬ್ಯಾಲಾಳಿನಲ್ಲಿ. ತಮ್ಮನ ಮನೆಯಿಂದ ಕಾರಿನಲ್ಲಿ ಹೋಗಿ ಬರಬಹುದು. ಅವನ ಮಗಳ ಚಾರ್ಟಿನಲ್ಲಿ ಬ್ಯಾಲಾಳಿನ ಸುದ್ದಿಯೇ ಇಲ್ಲ.

ಕನ್ನಡದ ಕಥೆಯೂ ಕೇಳಿ. ನಮ್ಮ ಒಬ್ಬ ಹುಡುಗ ಎದ್ದು ನಿಂತು, "ಮಿಸ್, ಈಶ್ವರನ ಗುಡೀಲಿ ಒಂಬತ್ತು ಗ್ರಹ ಇದಾವೆ. ಪುಸ್ತಕದಲ್ಲಿ ಎಂಟೇ ಇದಾವೆ" ಅಂದ. ಎಷ್ಟೋ ಜನ ಮೇಷ್ಟ್ರು ಇಲ್ಲಿ ಕೂತ್ಕೊಳೋ ಅಂತಾರೆ. ನಾವು ಗುಡಿಗೇ ಹೋದೆವು. ಎರಡೂ ಪಟ್ಟಿ ಪಕ್ಕಪಕ್ಕ ಬರೆದೆವು. ಬುಧ, ಶುಕ್ರ, ಮಂಗಳ, ಗುರು, ಶನಿ ಎರಡರಲ್ಲೂ ಇದ್ದಾರೆ. ಗುಡಿಯಲ್ಲಿ ರವಿ, ಚಂದ್ರ, ರಾಹು, ಕೇತು ಜಾಸ್ತಿ. ಪುಸ್ತಕದಲ್ಲಿ ಭೂಮಿ, ಯುರೇನಸ್, ನೆಪ್ಚೂನ್ ಜಾಸ್ತಿ. ಅರ್ಚಕರು ಖುಷಿಯಾಗಿ ಯಾವ ಗ್ರಹಕ್ಕೆ ಯಾವ ಧಾನ್ಯ ಅಂತ ಹೇಳಿಕೊಟ್ಟರು. ಒಬ್ಬಳು ತಕ್ಷಣ, "ಮಿಸ್, ಶನಿಗೆ ಎಳ್ಳಂತೆ, ನೀವು ಗೋಲಿ ಕೊಟ್ಟಿದ್ದೀರಿ" ಅಂತ ನನ್ನನ್ನೇ ಹಿಡಿದಳು.

ಶನಿ ಅಂದ ಮೇಲೆ ಸಾಡೇಸಾತಿ ಬರದೆ ಇರುತ್ತಾ? ಅದನ್ನೂ ಬಿಡಲಿಲ್ಲ. ಶನಿ ಸೂರ್ಯನ ಸುತ್ತ ಒಂದು ಸುತ್ತು ಬರಲು ಇಪ್ಪತ್ತೊಂಬತ್ತೂವರೆ ವರ್ಷ. ರಾಶಿ ಹನ್ನೆರಡು. ಭಾಗಿಸಿದರೆ ಒಂದು ರಾಶಿಗೆ ಹತ್ತಿರಹತ್ತಿರ ಎರಡೂವರೆ ವರ್ಷ, ನಮ್ಮ ರಾಶಿ, ಅದರ ಹಿಂದಿನದು, ಮುಂದಿನದು ಅಂತ ಮೂರು ರಾಶಿಗೆ ಏಳೂವರೆ. ಅಜ್ಜಿ ಬಾಯಲ್ಲಿ ಕೇಳಿದ ಏಳೂವರೆ ವರ್ಷ ಎಲ್ಲಿಂದ ಬಂತು ಅಂತ ಭಾಗಾಕಾರದಲ್ಲಿ ಸಿಕ್ಕಿತು. ಶನಿಕಾಟ ನಂಬುವುದು ಬಿಡುವುದು ನಿಮ್ಮಿಷ್ಟ. ನನಗೆ ಅದರಲ್ಲಿ ನಂಬಿಕೆ ಇಲ್ಲ, ಗೊತ್ತೇ ಇದೆ. ಆದರೆ ದೂರದರ್ಶಕ ಇಲ್ಲದ ಕಾಲದಲ್ಲಿ ಒಂದು ಚುಕ್ಕೆಯ ನಡಿಗೆಯನ್ನು ಮೂವತ್ತು ವರ್ಷ ಬಿಡದೆ ನೋಡಿ ಲೆಕ್ಕ ಇಟ್ಟವರ ತಾಳ್ಮೆಗೆ ಕೈ ಮುಗಿಯುತ್ತೇನೆ.

ಕೊನೆಗೆ ಎಲ್ಲರೂ ಒಂದೊಂದು ಗ್ರಹದ ಪರವಾಗಿ ಪತ್ರ ಬರೆದರು. ನೆಪ್ಚೂನನ್ನು ಕಂಡುಹಿಡಿದದ್ದು 1846ರಲ್ಲಿ. ಅದರ ಒಂದು ವರ್ಷ ಅಂದರೆ ನಮ್ಮ 165 ವರ್ಷ. ನೀವು ಕಂಡುಹಿಡಿದ ಮೇಲೆ 2011ರಲ್ಲಿ ನನಗೆ ಒಂದು ವರ್ಷ ತುಂಬಿತು, ಯಾರೂ ಕೇಕ್ ತರಲಿಲ್ಲ ಅಂತ ಒಂದು ಹುಡುಗಿ ಬರೆದಿದ್ದಳು. ಅವಳ ಅಮ್ಮ ಬರೆದುಕೊಟ್ಟಿದ್ದಲ್ಲ. ಅಮ್ಮನಿಗೆ ಓದು ಬರೋದಿಲ್ಲ.

ಇದನ್ನೆಲ್ಲ ಬೆಳಿಗ್ಗೆ ಕಾಫಿ ಕುಡಿಯುವಾಗ ತಮ್ಮನಿಗೆ ಹೇಳಿದೆ. (ಸುಮ್ನಿದ್ದದ್ದು ರಾತ್ರಿ ಮಾತ್ರ.) "ಅಕ್ಕ, ನಿಂದು ಹಳ್ಳಿ ಶಾಲೆ. ತೋಟ ಇದೆ, ಕೆರೆ ಇದೆ. ಇಲ್ಲಿ ಒಂದು ಸೆಕ್ಷನ್ನಿಗೆ ನಲವತ್ತೈದು ಮಕ್ಕಳು. ಮೈದಾನ ಅಂದ್ರೆ ಬಸ್ ನಿಲ್ಲಿಸೋ ಜಾಗ" ಅಂದ. ಇರಬಹುದು. ಮಂಗಳನ ತನಕ 36 ಮೀಟರ್ ಸಾಕು, ಕಾರಿಡಾರಿನಲ್ಲೇ ಆಗುತ್ತೆ. ಉಳಿದ ನಾಲ್ಕು ಗ್ರಹ ಗೋಡೆಯ ಆಚೆ ಇದ್ದಾವೆ ಅಂತ ಹೇಳಿದರೂ ಅದೊಂದು ಪಾಠವೇ. ನಮ್ಮ ಸಹೋದ್ಯೋಗಿಗಳು ಹೇಳೋದು ಬೇರೆ. ಪೋರ್ಷನ್ ಮುಗಿಸಬೇಕು, ವರ್ಷದ ನಡುನಡುವೆ ಮಾಡುವ ಎಫ್‌ಎ ಮೌಲ್ಯಮಾಪನದ ಅಂಕ ತುಂಬಬೇಕು, ಆನ್‌ಲೈನ್ ಮಾಹಿತಿ ಹಾಕಬೇಕು, ಟೈಮ್ ಎಲ್ಲಿದೆ ಅಂತ. ಆ ಆನ್‌ಲೈನ್ ಕಾಟ ನಿಜ, ಒಪ್ಪುತ್ತೇನೆ. ಆದರೆ ನನಗೆ ಹಿಡಿದದ್ದು ಐದು ಪೀರಿಯಡ್ ಮತ್ತು ಒಂದು ಶನಿವಾರ. ಗುಣಾಕಾರ, ಭಾಗಾಕಾರ, ಅಳತೆ, ಪತ್ರಲೇಖನ ಎಲ್ಲ ಅದರಲ್ಲೇ ಮುಗಿಯಿತು. ಟೈಮ್ ಉಳಿಯಿತು ಕಣ್ರಪ್ಪಾ.

ದೊಡ್ಡ ಮಾತಾಡುತ್ತಿದ್ದಾಳೆ ಅಂದುಕೊಳ್ಳುತ್ತಿದ್ದೀರಿ ಅಲ್ವಾ? ಹಾಗಾದರೆ ಇದನ್ನೂ ಕೇಳಿಬಿಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಇದೇ ಪ್ರಾಜೆಕ್ಟ್ ಕೊಟ್ಟಿದ್ದೆ. ಎಲ್ಲರೂ ಬಣ್ಣದ ಉಂಡೆ ತಂದರು. ಒಬ್ಬ ಹುಡುಗ ಮಾತ್ರ ಟಿಫನ್ ಬಾಕ್ಸಿನಲ್ಲಿ ಕೆರೆ ಮಣ್ಣಿನ ಉಂಡೆಗಳನ್ನು ತಂದಿದ್ದ. ಒಣಗಿ ಬಿರುಕು ಬಿಟ್ಟಿದ್ದವು. ಬಣ್ಣ ಇಲ್ಲ, ಹೆಸರಿನ ಚೀಟಿ ಇಲ್ಲ. "ನೀಟಾಗಿಲ್ಲ ಕಣೋ" ಅಂತ ಹತ್ತಕ್ಕೆ ನಾಲ್ಕು ಕೊಟ್ಟೆ. ಅವನು ಏನೂ ಅನ್ನಲಿಲ್ಲ, ಮುಚ್ಚಳ ಹಾಕಿಕೊಂಡು ಹೋದ. ಎಷ್ಟೋ ವರ್ಷ ಆದ ಮೇಲೆ, ಸಾಸಿವೆ ನೆಲ್ಲಿಕಾಯಿ ಆರಿಸುತ್ತಾ ಕೂತಾಗ ಆ ಡಬ್ಬಿ ನೆನಪಾಯಿತು. ಅದರಲ್ಲಿ ಒಂದು ಉಂಡೆ ನೆಲ್ಲಿಕಾಯಿಯಷ್ಟಿತ್ತು, ಒಂದೆರಡು ಕಾಳಿನಷ್ಟಿದ್ದವು. ಇಡೀ ಕ್ಲಾಸಿನಲ್ಲಿ ಪುಸ್ತಕದ ಅಂಕಿ ನೋಡಿ ಗಾತ್ರ ಮಾಡಿದವನು ಅವನೊಬ್ಬನೇ. ಆ ನಾಲ್ಕು ಅಂಕವನ್ನು ಈಗ ಎಲ್ಲಿ ಹೋಗಿ ತಿದ್ದಲಿ?

ಸರಿ, ಬೆಳಗಿನ ವಿಷಯಕ್ಕೆ ಬರ್ತೀನಿ. ಉಪ್ಪಿಟ್ಟು ತಿನ್ನುತ್ತಾ ನಮ್ಮ ಹುಡುಗಿ ನನ್ನ ಕಡೆ ತಿರುಗಿದಳು. "ಅತ್ತೆ, ಮಂಗಳವಾರ ಮಂಗಳಂದು, ಬುಧವಾರ ಬುಧಂದು, ಶನಿವಾರ ಶನಿದು. ಭೂಮಿವಾರ ಯಾಕಿಲ್ಲ?"

ನನ್ನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಅಷ್ಟರಲ್ಲಿ ಅಮ್ಮ ಜಡೆ ಎಳೆದಳು, ಅಪ್ಪ ರಟ್ಟು ಎತ್ತಿಕೊಂಡ, ಬಸ್ ಬಂತು. ಮಂಗಳನ ತೂತಿಗೆ ಕೆಂಪು ಕಾಗದ ಮೆತ್ತಿದ್ದರು. ಸಂಜೆ ವಾಟ್ಸಾಪಿನಲ್ಲಿ ಫೋಟೋ ಬಂತು. ಎ ಪ್ಲಸ್.

ರಾತ್ರಿ ಊರಿಗೆ ಬಂದು ಫೋನ್ ಮಾಡಿ ಅವಳಿಗೆ ಹೇಳಿದೆ. ಆಕಾಶದಲ್ಲಿ ನಕ್ಷತ್ರಗಳ ನಡುವೆ ಜಾಗ ಬದಲಾಯಿಸುತ್ತಾ ಓಡಾಡುವ ಏಳನ್ನು ಹಳಬರು ಬರಿಗಣ್ಣಲ್ಲಿ ಕಂಡರು. ಸೂರ್ಯ, ಚಂದ್ರ, ಐದು ಗ್ರಹ. ಆ ಏಳಕ್ಕೇ ಏಳು ವಾರ. ಭೂಮಿ ಅವರ ಕಾಲ ಕೆಳಗೇ ಇತ್ತು, ಮೇಲೆ ಹುಡುಕಿದರೆ ಸಿಗುತ್ತಾ? ಯುರೇನಸ್ ಸಿಕ್ಕಿದ್ದು 1781ರಲ್ಲಿ, ದೂರದರ್ಶಕದಿಂದ. ಅಷ್ಟರಲ್ಲಿ ವಾರ ಎಲ್ಲ ಹಂಚಿ ಮುಗಿದಿತ್ತು. "ಹಂಗಾದ್ರೆ ಮಂಗಳದ ಮೇಲೆ ಇರೋರು ಭೂಮಿವಾರ ಇಟ್ಕೋತಾರಾ?" ಅಂದಳು. ಇಟ್ಕೋತಾರೆ ಕಣೆ, ಖಂಡಿತ.

ದಸರಾ ರಜಕ್ಕೆ ಅವರೆಲ್ಲ ಬರ್ತಿದ್ದಾರೆ. ಸಾಸಿವೆ, ಗಸಗಸೆ, ಬಟಾಣಿ ತೆಗೆದಿಟ್ಟಿದ್ದೇನೆ. ಫುಟ್‌ಬಾಲಿಗೆ ಗಾಳಿ ಹಾಕಿಸಬೇಕು. ತಮ್ಮ ಹಿಂದಿನಿಂದ ಕೂಗಿ ಕೇಳಿದ, "ಅಕ್ಕ, ನೆಪ್ಚೂನ್ ತನಕ ಕಾರ್ ಹೋಗುತ್ತಾ?"