ಬಿಳಿ ಬಣ್ಣ ಕೆರೆದ ಕಥೆ ಮತ್ತು ಮೋಟಾರ್ ರೇಸಿಂಗ್ ಪುಸ್ತಕಗಳು

ಮೋಟಾರ್ ರೇಸಿಂಗ್ ಇತಿಹಾಸ ಓದುವವರಿಗೆಲ್ಲ ಗೊತ್ತಿರುವ ಕಥೆ ಒಂದಿದೆ. 1934ರ ಜೂನ್ ಆರಂಭ, ಜರ್ಮನಿಯ ನ್ಯೂರ್ಬರ್ಗ್‌ರಿಂಗ್, ಐಫೆಲ್ ರೇಸಿನ ಹಿಂದಿನ ದಿನ. ಆ ವರ್ಷದಿಂದ ಜಾರಿಗೆ ಬಂದ ನಿಯಮದಂತೆ ಚಾಲಕ, ಇಂಧನ, ಎಣ್ಣೆ, ನೀರು, ಟಯರುಗಳನ್ನು ಬಿಟ್ಟು ಕಾರಿನ ತೂಕ 750 ಕಿಲೋ ಮೀರುವಂತಿಲ್ಲ. ಮರ್ಸಿಡಿಸ್ ತಂಡದ ಹೊಸ ಕಾರು ತಕ್ಕಡಿ ಏರಿದಾಗ 751 ತೂಗುತ್ತದೆ. ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕೂರುತ್ತಾರೆ. ಆಗ ತಂಡದ ವ್ಯವಸ್ಥಾಪಕ ಆಲ್ಫ್ರೆಡ್ ನಾಯ್‌ಬವರ್ ಅವರಿಗೆ ಒಂದು ಉಪಾಯ ಹೊಳೆಯುತ್ತದೆ. ಮೆಕ್ಯಾನಿಕ್‌ಗಳು ರಾತ್ರಿಯಿಡೀ ಕೂತು ಕಾರಿನ ಬಿಳಿ ಬಣ್ಣವನ್ನು ಕೆರೆದು ತೆಗೆಯುತ್ತಾರೆ. ಬೆಳಿಗ್ಗೆ ತೂಕ ಸರಿಯಾಗಿ 750. ಅಲ್ಯೂಮಿನಿಯಂ ಮೈ ಹೊಳೆಯುವ ಆ ಕಾರಿನಲ್ಲಿ ಮಾನ್‌ಫ್ರೆಡ್ ಫಾನ್ ಬ್ರೌಖಿಟ್ಷ್ ಗೆಲ್ಲುತ್ತಾರೆ. ‘ಬೆಳ್ಳಿ ಬಾಣ’ ಎಂದು ಹೆಸರಾದ ಜರ್ಮನ್ ರೇಸ್ ಕಾರುಗಳು ಹುಟ್ಟಿದ್ದು ಹೀಗೆ ಎಂದು ಪುಸ್ತಕದಿಂದ ಪುಸ್ತಕಕ್ಕೆ ಹೇಳಿಕೊಂಡು ಬರಲಾಗಿದೆ.

ಕಥೆ ಸೊಗಸಾಗಿದೆ. ನಂಬುವುದಕ್ಕೆ ಮಾತ್ರ ನನಗೆ ಆಗುತ್ತಿಲ್ಲ. ಆ ವರ್ಷದ ಐಫೆಲ್ ರೇಸ್ ತೂಕದ ಮಿತಿಯೇ ಇಲ್ಲದ ಮುಕ್ತ ಸ್ಪರ್ಧೆಯಾಗಿ ನಡೆಯಿತು ಎಂದು ನಂತರದ ಸಂಶೋಧಕರು ಬರೆದಿದ್ದಾರೆ. ಮಿತಿ ಇಲ್ಲದ ಮೇಲೆ ಒಂದು ಕಿಲೋಗಾಗಿ ರಾತ್ರಿ ನಿದ್ದೆಗೆಡುವ ಅಗತ್ಯವೇನಿತ್ತು? ಎದುರಾಳಿ ಆಟೋ ಯೂನಿಯನ್ ಕಂಪನಿಯ ಕಾರುಗಳು ಮೊದಲಿನಿಂದಲೂ ಬೆಳ್ಳಿ ಬಣ್ಣದವೇ ಆಗಿದ್ದವು. 1932ರಲ್ಲಿ ಬರ್ಲಿನ್‌ನ ಆವುಸ್ ಟ್ರ್ಯಾಕಿನಲ್ಲಿ ಇದೇ ಬ್ರೌಖಿಟ್ಷ್ ಗೆದ್ದ ಮರ್ಸಿಡಿಸ್ ಕೂಡ ಬಣ್ಣ ಬಳಿಯದ ಲೋಹದ ಮೈಯದೇ. ಇನ್ನು ಈ ಕಥೆಯನ್ನು ಜಗತ್ತಿಗೆಲ್ಲ ಹರಡಿದ್ದು ನಾಯ್‌ಬವರ್ ಅವರ ಆತ್ಮಕಥೆ. ಅದು ಪ್ರಕಟವಾದದ್ದು 1958ರಲ್ಲಿ, ರೇಸ್ ನಡೆದು 24 ವರ್ಷ ಕಳೆದ ಮೇಲೆ.

ನಾಯ್‌ಬವರ್ ಬಗ್ಗೆ ನನಗೆ ಗೌರವವಿದೆ. ಓಡುತ್ತಿರುವ ಚಾಲಕನಿಗೆ ತಾನು ಎಷ್ಟನೆಯ ಸ್ಥಾನದಲ್ಲಿದ್ದೇನೆಂದೇ ತಿಳಿಯದಿದ್ದ ಕಾಲದಲ್ಲಿ ಫಲಕ ಮತ್ತು ಬಾವುಟಗಳಿಂದ ಸಂಕೇತ ಕೊಡುವ ಪದ್ಧತಿಯನ್ನು ಬೆಳೆಸಿದ ಮನುಷ್ಯ ಅವರು. ಹರೆಯದ ವೈಭವವನ್ನು ವಯಸ್ಸಾದ ಮೇಲೆ ನೆನೆಯುವವರು ಕಥೆಗೆ ಸ್ವಲ್ಪ ಒಗ್ಗರಣೆ ಹಾಕುವುದು ಸಹಜ. ನನ್ನ ತಕರಾರಿರುವುದು ಆ ಒಗ್ಗರಣೆಯನ್ನೇ ಇತಿಹಾಸವೆಂದು ಬಡಿಸಿದ ನಂತರದ ಬರಹಗಾರರ ಮೇಲೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಎತ್ತಿಕೊಂಡರು, ಅವರದ್ದನ್ನು ಮತ್ತೊಬ್ಬರು. ಹತ್ತು ಪುಸ್ತಕಗಳಲ್ಲಿ ಇದೆ ಎಂಬುದೇ ಹನ್ನೊಂದನೆಯವರಿಗೆ ಸಾಕ್ಷಿಯಾಯಿತು. ಆ ಹತ್ತರ ಮೂಲವೂ ಒಬ್ಬರದೇ ನೆನಪು ಎಂಬುದನ್ನು ಯಾರೂ ಕೇಳಲಿಲ್ಲ.

ಅದೇ ಆತ್ಮಕಥೆಯಿಂದ ಪ್ರಸಿದ್ಧವಾದ ಇನ್ನೊಂದು ಪ್ರಸಂಗ 1933ರ ಟ್ರಿಪೋಲಿ ಗ್ರಾನ್ ಪ್ರಿ. ಲಿಬಿಯಾ ಆಗ ಇಟಲಿಯ ವಸಾಹತು. ರೇಸಿಗೆ ಜೋಡಿಸಿ ಒಂದು ಲಾಟರಿ ನಡೆಸಿದ್ದರು. ಆಯ್ಕೆಯಾದ ಟಿಕೆಟ್‌ಗಳಿಗೆ ಒಬ್ಬೊಬ್ಬ ಚಾಲಕನ ಹೆಸರು ಬರುತ್ತಿತ್ತು, ಆ ಚಾಲಕ ಗೆದ್ದರೆ ಟಿಕೆಟ್ ಹಿಡಿದವರಿಗೆ ಲಕ್ಷಗಟ್ಟಲೆ ಲೀರಾ. ರೇಸಿನ ಕೊನೆಯಲ್ಲಿ ಆಕೀಲೆ ವಾರ್ಜಿ ಅವರು ತಾತ್ಸಿಯೋ ನುವೊಲಾರಿ ಅವರನ್ನು ಸೆಕೆಂಡಿನ ಹತ್ತರಲ್ಲೆರಡು ಭಾಗದಷ್ಟು ಅಂತರದಲ್ಲಿ ಸೋಲಿಸಿದರು. ನಾಯ್‌ಬವರ್ ಹೇಳುವ ಪ್ರಕಾರ ಅದು ಮೊದಲೇ ಹೊಂದಿಸಿಕೊಂಡ ನಾಟಕ. ಓದಲು ಅದು ಪತ್ತೇದಾರಿ ಕಾದಂಬರಿಯಂತಿದೆ. ಆದರೆ ಆ ವರ್ಷ ಮರ್ಸಿಡಿಸ್ ತಂಡ ಟ್ರಿಪೋಲಿಯ ರೇಸಿನಲ್ಲಿ ಇರಲೇ ಇಲ್ಲ. ಬಹುಮಾನ ಹಂಚಿಕೊಳ್ಳುವ ಒಪ್ಪಂದವೊಂದು ಕೆಲವು ಚಾಲಕರು ಮತ್ತು ಟಿಕೆಟ್‌ದಾರರ ನಡುವೆ ಆಗಿತ್ತು ಎಂಬುದನ್ನು ದಾಖಲೆ ಹುಡುಕಿದವರೂ ಒಪ್ಪುತ್ತಾರೆ. ಅದಕ್ಕೆ ಮೆತ್ತಿಕೊಂಡ ಬಣ್ಣ ಬಣ್ಣದ ದೃಶ್ಯಗಳನ್ನು ಮಾತ್ರ ಅವರು ಒಪ್ಪುವುದಿಲ್ಲ. ಮೂರನೆಯವರಾಗಿ ಬಂದ ಇಂಗ್ಲೆಂಡಿನ ಸರ್ ಹೆನ್ರಿ ಬರ್ಕಿನ್ ಆ ಓಟದಲ್ಲೇ ಎಕ್ಸಾಸ್ಟ್ ಕೊಳವೆಗೆ ತೋಳು ತಾಗಿಸಿಕೊಂಡು ಸುಟ್ಟುಕೊಂಡರು, ಮುಂದಿನ ತಿಂಗಳೇ ತೀರಿಕೊಂಡರು. ಮೋಸದ ಕಥೆಯ ಅಬ್ಬರದಲ್ಲಿ ಈ ಸಾವು ಎಷ್ಟೋ ಪುಸ್ತಕಗಳಲ್ಲಿ ಅಡಿಟಿಪ್ಪಣಿಯಾಗಿ ಉಳಿದುಬಿಟ್ಟಿದೆ.

ಹಾಗಾಗಿ ರೇಸಿಂಗ್ ಪುಸ್ತಕ ಕೈಗೆ ಬಂದಾಗ ನಾನು ಮೊದಲು ನೋಡುವುದು ಕೊನೆಯ ಪುಟಗಳನ್ನು. ಬರೆದವರು ಏನನ್ನು ಓದಿದ್ದಾರೆ, ಯಾರನ್ನು ಮಾತನಾಡಿಸಿದ್ದಾರೆ, ಯಾವ ಕಾಲದ ಪತ್ರಿಕೆ ತೆರೆದಿದ್ದಾರೆ ಎಂದು. ಹೊಳಪು ಕಾಗದದ ದೊಡ್ಡ ಚಿತ್ರಪುಸ್ತಕಗಳ ಬೆಲೆ ಸಾವಿರಾರು ರೂಪಾಯಿ. ಅವುಗಳಲ್ಲಿ ಬಹಳಷ್ಟು ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ.

ನಿಲ್ಲುವ ಬರಹ ಹೇಗಿರುತ್ತದೆ ಎಂದು ಕೇಳಿದರೆ ನಾನು ಡೆನಿಸ್ ಜೆಂಕಿನ್‌ಸನ್ ಹೆಸರು ಹೇಳುತ್ತೇನೆ. 1955ರ ಮೇ 1ರಂದು ಇಟಲಿಯ ಮಿಲ್ಲೆ ಮಿಲ್ಯಾ ರೇಸಿನಲ್ಲಿ ಸ್ಟರ್ಲಿಂಗ್ ಮಾಸ್ ಅವರ ಪಕ್ಕದ ಆಸನದಲ್ಲಿ ಕೂತಿದ್ದವರು ಈ ಗಡ್ಡದ ಪತ್ರಕರ್ತ. ಬ್ರೆಷಿಯಾದಿಂದ ರೋಮ್‌ಗೆ, ಅಲ್ಲಿಂದ ಮತ್ತೆ ಬ್ರೆಷಿಯಾಗೆ, ಸುಮಾರು 1,600 ಕಿಲೋಮೀಟರ್ ಸಾರ್ವಜನಿಕ ರಸ್ತೆ. ಹೊರಟ ಸಮಯ ಬೆಳಿಗ್ಗೆ 7 ಗಂಟೆ 22 ನಿಮಿಷ, ಅದೇ ಕಾರಿನ ಸಂಖ್ಯೆ: 722. ದಾರಿಯ ತಿರುವುಗಳನ್ನೆಲ್ಲ ಮೊದಲೇ ನೋಡಿ ಬಂದು, ಉದ್ದನೆಯ ಕಾಗದದ ಸುರುಳಿಯಲ್ಲಿ ಬರೆದು, ಅದನ್ನು ಪುಟ್ಟ ಪೆಟ್ಟಿಗೆಯೊಳಗೆ ಸುತ್ತಿ, ಓಡುವಾಗ ಸುರುಳಿ ಬಿಚ್ಚುತ್ತ ಕೈಸನ್ನೆಯಲ್ಲಿ ಮಾಸ್‌ಗೆ ತಿಳಿಸುತ್ತಿದ್ದರು. ಎಂಜಿನ್ನಿನ ಸದ್ದಿನಲ್ಲಿ ಮಾತು ಕೇಳಿಸುವಂತಿರಲಿಲ್ಲ. 10 ಗಂಟೆ 7 ನಿಮಿಷ 48 ಸೆಕೆಂಡುಗಳಲ್ಲಿ ಮುಗಿಸಿದರು. ಸರಾಸರಿ ವೇಗ ಗಂಟೆಗೆ 157 ಕಿಲೋಮೀಟರ್. ಒಬ್ಬರೇ ಓಡಿಸಿದ ಹುವಾನ್ ಮಾನ್ವೆಲ್ ಫಾಂಜಿಯೋ ಅರ್ಧ ಗಂಟೆಗೂ ಹೆಚ್ಚು ಹಿಂದೆ ಉಳಿದು ಎರಡನೆಯವರಾದರು.

ಜೆಂಕಿನ್‌ಸನ್ ಇದನ್ನು ಆ ಜೂನ್ ತಿಂಗಳ ‘ಮೋಟಾರ್ ಸ್ಪೋರ್ಟ್’ ಪತ್ರಿಕೆಯಲ್ಲೇ ಬರೆದರು. ನೆನಪು ಹುಳಿಯಾಗಲು, ಪೌರಾಣಿಕವಾಗಲು ಸಮಯವೇ ಸಿಗಲಿಲ್ಲ. ದಾರಿಯಲ್ಲಿ ವಾಂತಿ ಬಂದು ತಲೆ ಹೊರಗೆ ಹಾಕಿದಾಗ ಗಾಳಿಗೆ ಕನ್ನಡಕ ಹಾರಿಹೋದದ್ದನ್ನೂ, ಜೇಬಿನಲ್ಲಿದ್ದ ಇನ್ನೊಂದು ಕನ್ನಡಕ ಕಾಪಾಡಿದ್ದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ. ವೀರಗಾಥೆ ಬರೆಯಲು ಕೂತವರು ಮೊದಲು ಅಳಿಸುವ ವಾಕ್ಯ ಅದು. ಅದು ಉಳಿದಿರುವುದರಿಂದಲೇ ಉಳಿದದ್ದನ್ನೂ ನಂಬಬಹುದು ಎನಿಸುತ್ತದೆ.

ಫಾರ್ಮುಲಾ ಒನ್ ಚಾಲಕ ಜಾಕಿ ಸ್ಟೀವರ್ಟ್ ಅವರು ಪೀಟರ್ ಮ್ಯಾನ್ಸೊ ಜೊತೆ ಸೇರಿ ಬರೆದ 1970ರ ಋತುವಿನ ದಿನಚರಿ ‘ಫಾಸ್ಟರ್’ ನನಗೆ ಇಷ್ಟವಾಗುವುದೂ ಇದೇ ಕಾರಣಕ್ಕೆ. ಆ ವರ್ಷ ಜೂನ್ 2ರಂದು ಚಾಲಕ ಬ್ರೂಸ್ ಮ್ಯಾಕ್‌ಲಾರೆನ್ ಸತ್ತರು, ಜೂನ್ 21ರಂದು ಪಿಯರ್ಸ್ ಕರೇಜ್, ಸೆಪ್ಟೆಂಬರ್ 5ರಂದು ಸ್ಟೀವರ್ಟ್ ಅವರ ಆಪ್ತ ಗೆಳೆಯ ಯೋಖೆನ್ ರಿಂಟ್. ರಿಂಟ್ ಸತ್ತ ಮೇಲೂ ಅವರ ಅಂಕಗಳನ್ನು ಯಾರೂ ದಾಟಲಾಗದೆ, ವಿಶ್ವ ಚಾಂಪಿಯನ್ ಪಟ್ಟ ಅವರಿಗೇ ಸಂದಿತು. ದಿನಚರಿಯ ಆರಂಭದ ಪುಟಗಳಿಗೆ ಮುಂದಿನ ಪುಟಗಳಲ್ಲಿ ಏನಾಗಲಿದೆ ಎಂಬುದು ಗೊತ್ತಿಲ್ಲ. ಸುರಕ್ಷತೆಗಾಗಿ ಸ್ಟೀವರ್ಟ್ ನಡೆಸಿದ ಹೋರಾಟದ ಬಗ್ಗೆ ಸಾಕಷ್ಟು ಬರಹಗಳು ಬಂದಿವೆ. ಆ ಹಟ ಎಲ್ಲಿಂದ ಬಂತು ಎಂಬುದು ಇಂಥ ದಿನಚರಿಯಲ್ಲಿ ಕಾಣುವಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣಲಿಲ್ಲ.

ಅಮೆರಿಕದ ಮಾರ್ಕ್ ಡೊನೊಹ್ಯು ಬರೆದ ‘ದಿ ಅನ್‌ಫೇರ್ ಅಡ್ವಾಂಟೇಜ್’ ಬೇರೆ ಜಾತಿಯ ಪ್ರಾಮಾಣಿಕ ಪುಸ್ತಕ. ಡೊನೊಹ್ಯು ಎಂಜಿನಿಯರಿಂಗ್ ಓದಿದ ಚಾಲಕ. ತಾವು ಓಡಿಸಿದ ಒಂದೊಂದೇ ಕಾರನ್ನು ತೆಗೆದುಕೊಂಡು, ಅದರಲ್ಲಿ ಏನು ದೋಷವಿತ್ತು, ಹೇಗೆ ಸರಿಪಡಿಸಿದೆವು ಎಂದು ಕಾರ್ಯಾಗಾರದ ಭಾಷೆಯಲ್ಲಿ ಹೇಳುತ್ತ ಹೋಗುತ್ತಾರೆ. ತೂಕ ಇಳಿಸಲು ಕಮಾರೊ ಕಾರಿನ ಮೈಯನ್ನು ಆಮ್ಲದಲ್ಲಿ ಅದ್ದಿ ತಗಡನ್ನು ತೆಳುವಾಗಿಸಿದ ವಿಷಯವನ್ನೂ ಬಚ್ಚಿಡುವುದಿಲ್ಲ. ಪುಸ್ತಕ ಬಂದದ್ದು 1975ರಲ್ಲಿ. ಅದೇ ವರ್ಷದ ಆಗಸ್ಟ್‌ನಲ್ಲಿ ಆಸ್ಟ್ರಿಯಾದ ಅಭ್ಯಾಸದ ವೇಳೆ ಅಪಘಾತಕ್ಕೊಳಗಾಗಿ ತೀರಿಕೊಂಡರು. ತಾಂತ್ರಿಕ ವಿವರ ಬೇಡವೆನ್ನುವವರೂ ಇದನ್ನು ಓದಬೇಕು. ಗೆಲುವು ಎಂದರೆ ಧೈರ್ಯವೊಂದೇ ಎಂಬ ಭ್ರಮೆ ಕಳಚಲು ಇದಕ್ಕಿಂತ ಒಳ್ಳೆಯ ಪುಸ್ತಕ ನನಗೆ ಸಿಕ್ಕಿಲ್ಲ.

ಈಗ ನನ್ನನ್ನು ನಿಜವಾಗಿ ಕೆರಳಿಸುವ ವಿಷಯಕ್ಕೆ ಬರುತ್ತೇನೆ. ಈ ಪುಸ್ತಕಗಳಲ್ಲಿ ಸಾವನ್ನು ಅಲಂಕರಿಸುವ ಚಟವೊಂದಿದೆ. 1957ರ ಮೇ 12ರ ಮಿಲ್ಲೆ ಮಿಲ್ಯಾ ನೆನಪಿಸಿಕೊಳ್ಳಿ. ಸ್ಪೇನಿನ ಶ್ರೀಮಂತ ಮನೆತನದ ಆಲ್ಫೊನ್ಸೊ ದೆ ಪೋರ್ತಾಗೊ ರೋಮ್‌ನಲ್ಲಿ ಕಾರು ನಿಲ್ಲಿಸಿ ನಟಿ ಲಿಂಡಾ ಕ್ರಿಶ್ಚಿಯನ್ ಅವರಿಗೆ ಮುತ್ತು ಕೊಟ್ಟ ಚಿತ್ರ ಎಷ್ಟೋ ಪುಸ್ತಕಗಳಲ್ಲಿ ಪುಟ ತುಂಬ ಅಚ್ಚಾಗಿದೆ. ಕೆಲವೇ ಗಂಟೆಗಳಲ್ಲಿ ಗ್ವಿದಿತ್ಸೊಲೊ ಊರಿನ ಬಳಿ ಆ ಫೆರಾರಿಯ ಟಯರು ಸಿಡಿಯಿತು. ಪೋರ್ತಾಗೊ, ಸಹಚಾಲಕ ಎಡ್ಮಂಡ್ ನೆಲ್ಸನ್, ಜೊತೆಗೆ ರಸ್ತೆಬದಿಯಲ್ಲಿ ನಿಂತಿದ್ದ ಒಂಬತ್ತು ಜನ ಸತ್ತರು. ಆ ಒಂಬತ್ತರಲ್ಲಿ ಐವರು ಮಕ್ಕಳು. ಮುತ್ತಿಗೆ ಒಂದು ಪುಟ, ಮಕ್ಕಳಿಗೆ ಒಂದು ಸಾಲು! ಆ ಮಕ್ಕಳ ಹೆಸರು ಬರೆಯುವ ಶ್ರಮವನ್ನೂ ತೆಗೆದುಕೊಳ್ಳದ ಪುಸ್ತಕವನ್ನು ಇತಿಹಾಸ ಎಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ. 1955ರ ಜೂನ್ 11ರಂದು ಫ್ರಾನ್ಸಿನ ಲೆ ಮಾನ್ ರೇಸಿನಲ್ಲಿ ಪಿಯರ್ ಲೆವೆಗ್ ಅವರ ಮರ್ಸಿಡಿಸ್ ಜನರ ನಡುವೆ ಸಿಡಿದಾಗ 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಅಲ್ಲಿಯೂ ಚರ್ಚೆಯೆಲ್ಲ ತಪ್ಪು ಯಾವ ಚಾಲಕನದು ಎಂಬುದರ ಸುತ್ತಲೇ. ಟಿಕೆಟ್ ಕೊಂಡು ಬಂದವರ ಮನೆಗಳಲ್ಲಿ ಮುಂದೇನಾಯಿತು ಎಂದು ಕೇಳಿದವರು ವಿರಳ.

ದಾಖಲೆ ಹುಡುಕುವ ಕೆಲಸಕ್ಕೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಇನ್ನೂ ಬಲವಾದ ಕಾರಣ ಎಲೆ ನೀಸ್. ಫ್ರಾನ್ಸಿನ ಹಳ್ಳಿಯೊಂದರಲ್ಲಿ 1900ರಲ್ಲಿ ಹುಟ್ಟಿದ ಎಲೆನ್ ದೆಲಾಂಗ್ಲ್ ಪ್ಯಾರಿಸ್ಸಿನಲ್ಲಿ ನರ್ತಕಿಯಾಗಿ ಎಲೆ ನೀಸ್ ಎಂಬ ಹೆಸರಿನಲ್ಲಿ ಪ್ರಸಿದ್ಧರಾದರು. 1929ರಲ್ಲಿ ಮೊಂಲೆರಿ ಟ್ರ್ಯಾಕಿನಲ್ಲಿ ಬುಗಾಟಿ ಓಡಿಸಿ ಮಹಿಳೆಯರ ವೇಗದ ದಾಖಲೆ ಮಾಡಿದರು, ಗಂಡಸರ ಜೊತೆ ಗ್ರಾನ್ ಪ್ರಿಗಳಲ್ಲಿ ಓಡಿದರು. 1936ರಲ್ಲಿ ಬ್ರೆಜಿಲ್‌ನ ಸಾವ್ ಪಾವ್ಲೊದಲ್ಲಿ ಭೀಕರ ಅಪಘಾತವಾಗಿಯೂ ಬದುಕಿ ಉಳಿದರು. ಅವರನ್ನು ಮುಗಿಸಿದ್ದು ಒಂದು ಮಾತು. 1949ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿಯ ಸಂದರ್ಭದ ಔತಣಕೂಟದಲ್ಲಿ ಲೂಯಿ ಶಿರೋನ್, ಆ ಊರಿನವರೇ ಆದ ಮಹಾ ಚಾಲಕ, ಎಲ್ಲರೆದುರು ಆಕೆಯನ್ನು ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊದ ಏಜೆಂಟ್ ಎಂದು ಕರೆದರು. ಸಾಕ್ಷಿ ಕೊಡಲಿಲ್ಲ. ಕೇಳಿದವರೂ ಇಲ್ಲ. ಪ್ರಾಯೋಜಕರು, ಸ್ನೇಹಿತರು, ಎಲ್ಲರೂ ದೂರವಾದರು. ಆಕೆ 1984ರಲ್ಲಿ ನೀಸ್ ನಗರದಲ್ಲಿ ಕಡುಬಡತನದಲ್ಲಿ ತೀರಿಕೊಂಡರು.

ಮಿರಾಂಡಾ ಸೀಮೋರ್ 2004ರಲ್ಲಿ ಪ್ರಕಟವಾದ ಆಕೆಯ ಜೀವನಚರಿತ್ರೆ ‘ದಿ ಬುಗಾಟಿ ಕ್ವೀನ್’ ಬರೆಯಲು ಹೊರಟಾಗ ಆ ಆರೋಪದ ಬೆನ್ನು ಹತ್ತಿ ಹೋದರು. ಅದನ್ನು ಎತ್ತಿಹಿಡಿಯುವ ಒಂದು ಕಾಗದವೂ ಸಿಗಲಿಲ್ಲ. ಶಿರೋನ್ ಹೆಸರು ಇಂದು ಮೊನಾಕೊ ಟ್ರ್ಯಾಕಿನ ಒಂದು ತಿರುವಿಗಿದೆ, ಕೋಟ್ಯಂತರ ರೂಪಾಯಿಯ ಒಂದು ಬುಗಾಟಿಗಿದೆ. ಎಲೆ ನೀಸ್ ಅವರ ಬದುಕು ಮತ್ತೆ ಓದುಗರಿಗೆ ದಕ್ಕಿದ್ದು ಒಬ್ಬ ಲೇಖಕಿ ಹೇಳಿಕೆ ಮಾತನ್ನು ನಂಬದೆ ಕಡತ ತೆರೆದದ್ದರಿಂದ. ಇಷ್ಟೊಂದು ಕಾಲದ ಮೇಲೆ ನ್ಯಾಯ ಸಿಕ್ಕಿ ಆಕೆಗೇನು ಬಂತು ಎಂದು ಕೇಳಬಹುದು. ಸುಳ್ಳು ಇನ್ನೊಂದು ತಲೆಮಾರಿಗೆ ದಾಟಲಿಲ್ಲವಲ್ಲ, ನನಗೆ ಅದು ದೊಡ್ಡದು.

ಇದಕ್ಕೆ ತದ್ವಿರುದ್ಧವಾದ ಬದುಕೂ ಇದೆ. 1929ರ ಮೊದಲ ಮೊನಾಕೊ ಗ್ರಾನ್ ಪ್ರಿಯನ್ನು ಗೆದ್ದ ವಿಲಿಯಂ ಗ್ರೋವರ್-ವಿಲಿಯಮ್ಸ್, 1927ರಲ್ಲಿ ಡೆಲಾಜ್ ಕಾರಿನಲ್ಲಿ ಎದುರಾಳಿಯೇ ಇಲ್ಲದಂತೆ ಗೆದ್ದ ರೋಬೇರ್ ಬೆನ್ವಾ ಇಬ್ಬರೂ ಯುದ್ಧಕಾಲದಲ್ಲಿ ಬ್ರಿಟಿಷ್ ಗುಪ್ತದಳಕ್ಕಾಗಿ ಫ್ರಾನ್ಸಿನೊಳಗೆ ಕೆಲಸ ಮಾಡಿದರು. ಇಬ್ಬರನ್ನೂ ನಾಜಿಗಳು ಹಿಡಿದು ಕೊಂದರು. ಬೆನ್ವಾ ಸತ್ತದ್ದು 1944ರಲ್ಲಿ ಬುಕೆನ್ವಾಲ್ಡ್ ಶಿಬಿರದಲ್ಲಿ. ರಹಸ್ಯವಾಗಿಯೇ ಇರಬೇಕಿದ್ದ ಕೆಲಸವಾದ್ದರಿಂದ ಅವರು ಆತ್ಮಕಥೆ ಬರೆಯಲಿಲ್ಲ, ಔತಣಕೂಟದಲ್ಲಿ ಕೂತು ಹೇಳಿಕೊಳ್ಳಲೂ ಬದುಕಿರಲಿಲ್ಲ. ಪತ್ರಕರ್ತ ಜೋ ಸಾವರ್ಡ್ ಅಂಥವರು ಚೂರುಚೂರಾಗಿ ಉಳಿದ ಮಾಹಿತಿ ಕೂಡಿಸದಿದ್ದರೆ ಇವರು ಫಲಿತಾಂಶ ಪಟ್ಟಿಯಲ್ಲಿ ಎರಡು ಹೆಸರುಗಳಾಗಿ ಮಾತ್ರ ಇರುತ್ತಿದ್ದರು. ಗಟ್ಟಿಯಾಗಿ ಮಾತನಾಡಿದವರ ಇತಿಹಾಸವಷ್ಟೇ ಉಳಿದರೆ ಬೆನ್ವಾ ಅಂಥವರು ಎಲ್ಲಿ ಹೋಗಬೇಕು?

ಈ ಪುಸ್ತಕಗಳನ್ನು ಓದುವಾಗಲೆಲ್ಲ ಶೋಲಾವರಂ ನೆನಪಾಗುತ್ತದೆ. ಮದ್ರಾಸಿನ ಬಳಿಯ ಆ ಹಳೆಯ ವಿಮಾನ ಪಟ್ಟಿಯಲ್ಲಿ ದಶಕಗಳ ಕಾಲ ರೇಸ್‌ಗಳು ನಡೆದವು. ಬೆಂಗಳೂರಿನಿಂದ ಹೋಗಿ ಓಡಿಸಿದವರು, ಕಾರು ಸಿದ್ಧಪಡಿಸಿದವರು, ಹುಲ್ಲಿನ ಮೂಟೆಗಳ ಹಿಂದೆ ನಿಂತು ನೋಡಿದವರು ನಮ್ಮ ನಡುವೆ ಇನ್ನೂ ಇದ್ದಾರೆ. ನಮ್ಮದೇ ಕರ್ನಾಟಕದ ಕೆ-1000 ರ‍್ಯಾಲಿಯ ಹಳೆಯ ದಾರಿಗಳು, ಸಮಯದ ಪಟ್ಟಿಗಳು, ಗ್ಯಾರೇಜುಗಳಲ್ಲಿ ರಾತ್ರಿ ಕಳೆದ ಮೇಸ್ತ್ರಿಗಳ ಹೆಸರುಗಳು ಎಲ್ಲಿವೆ? ಇವನ್ನೆಲ್ಲ ಒಂದೆಡೆ ಕೂಡಿಸಿದ ಕನ್ನಡ ಪುಸ್ತಕ ನನ್ನ ಕಣ್ಣಿಗೆ ಬಿದ್ದಿಲ್ಲ. ಯಾರಾದರೂ ಬರೆದಿದ್ದರೆ ದಯವಿಟ್ಟು ತಿಳಿಸಿ, ನಾಳೆಯೇ ತರಿಸಿಕೊಳ್ಳುತ್ತೇನೆ.

ಇದನ್ನು ಓದುತ್ತಿರುವವರ ಮನೆಯಲ್ಲಿ ಅಪ್ಪನದೋ, ಚಿಕ್ಕಪ್ಪನದೋ ಹಳೆಯ ರ‍್ಯಾಲಿ ಚಿತ್ರಗಳಿದ್ದರೆ ಅದರ ಹಿಂಬದಿಯಲ್ಲಿ ವರ್ಷ, ಊರು, ಕಾರಿನ ಸಂಖ್ಯೆ, ಪಕ್ಕದಲ್ಲಿ ನಿಂತವರ ಹೆಸರು ಬರೆದಿಡಿ. ರೇಸಿನ ಕಾರ್ಯಕ್ರಮ ಪಟ್ಟಿ, ಸಮಯ ಬರೆದ ಚೀಟಿ, ಪತ್ರಿಕೆಯ ತುಣುಕು ಯಾವುದನ್ನೂ ರದ್ದಿಗೆ ಹಾಕಬೇಡಿ. ಹಿರಿಯರು ಇನ್ನೂ ಇದ್ದರೆ ಮೊಬೈಲ್‌ನಲ್ಲಿ ಅವರ ಮಾತು ಧ್ವನಿಮುದ್ರಿಸಿಕೊಳ್ಳಿ, ಅವರು ಹೇಳಿದ್ದನ್ನು ಅಂದಿನ ಪತ್ರಿಕೆಯೊಂದಿಗೆ ಹೋಲಿಸಿ ನೋಡಿ. ಕಾಗದಗಳನ್ನು ಸ್ಕ್ಯಾನ್ ಮಾಡಿ ಜೋಡಿಸಿಡುವ ಕೆಲಸಕ್ಕೆ ನನ್ನ ಭಾನುವಾರಗಳನ್ನು ಕೊಡಲು ತಯಾರಿದ್ದೇನೆ. ನಿಮ್ಮಲ್ಲಿ ಏನಿದೆ ಎಂದು ಕೆಳಗೆ ಬರೆಯಿರಿ.