ಕಥೆ ಮಕ್ಕಳಿಗೆ, ಬೋಧನೆ ದೊಡ್ಡೋರಿಗೆ ಅನ್ನೋದನ್ನ ನಾನು ಒಪ್ಪಲ್ಲ

ನಮ್ಮ ಕ್ರೈಸ್ತ ಸಭೆಗಳಲ್ಲಿ ಒಂದು ಯೋಚನೆ ತುಂಬಾ ಗಟ್ಟಿಯಾಗಿ ಕೂತ್ಬಿಟ್ಟಿದೆ. ಕಥೆ ಅಂದ್ರೆ ಸಂಡೇ ಸ್ಕೂಲ್ ಮಕ್ಕಳಿಗೆ, ಬಣ್ಣದ ಚಿತ್ರ ತೋರಿಸಿ ಹೇಳೋದು, ದೊಡ್ಡೋರಾದ್ಮೇಲೆ ಅದನ್ನ ದಾಟಿ ಬೋಧನೆಗೆ ಬರ್ಬೇಕು ಅಂತ. ಪ್ರಸಂಗದಲ್ಲಿ ಒಂದು ಕಥೆ ಬಂದ್ರೂ ಅದು ಜನ ತೂಕಡಿಸ್ದೇ ಇರ್ಲಿ ಅಂತ ಹಾಕಿದ್ದು, ಅದು ಮುಗಿದ ತಕ್ಷಣ "ಇದರಿಂದ ನಾವು ಕಲಿಯೋ ಮೂರು ಪಾಠಗಳು" ಶುರುವಾಗುತ್ತೆ, ಆ ಮೂರು ಪಾಠ ಮನೆಗೆ ಹೋಗೋಷ್ಟರಲ್ಲಿ ಮರೆತುಹೋಗಿರುತ್ತೆ, ಕಥೆ ಮಾತ್ರ ಉಳಿದಿರುತ್ತೆ. ಇದಕ್ಕೆ ಜನರನ್ನೇ ಬೈಯೋರಿದ್ದಾರೆ, ವಾಕ್ಯದ ಹಸಿವು ಕಮ್ಮಿ ಆಗಿದೆ ಅಂತ. ನಂಗೆ ಹಾಗನ್ಸಲ್ಲ. ನಮ್ಮ ವಿಶ್ವಾಸದ ಸ್ವಭಾವವೇ ಕಥೆ, ಅದಕ್ಕೇ ಅದು ಕಥೆಯಾಗಿ ಬಂದಾಗ ಮನಸ್ಸಿಗೆ ಹತ್ತುತ್ತೆ.

ಬೈಬಲ್‌ನ ಧರ್ಮೋಪದೇಶಕಾಂಡ 6ನೇ ಅಧ್ಯಾಯ ತೆಗೆದು ನೋಡಿ. ಮುಂದೆ ನಿನ್ನ ಮಗ ಬಂದು ಈ ಆಜ್ಞೆ, ಈ ವಿಧಿ ಎಲ್ಲಾ ಯಾಕೆ ಅಂತ ಕೇಳಿದ್ರೆ ಏನು ಹೇಳ್ಬೇಕು ಅಂತ ಅಲ್ಲಿ ಬರೆದಿದೆ. ಕೇಳಿದ್ದು ನಿಯಮದ ಬಗ್ಗೆ, ಆದ್ರೆ ಉತ್ತರ ಶುರುವಾಗೋದು "ನಾವು ಐಗುಪ್ತದಲ್ಲಿ (ಈಜಿಪ್ಟ್‌ನಲ್ಲಿ) ಫರೋಹನಿಗೆ ದಾಸರಾಗಿದ್ವಿ" ಅಂತ. ಮಗು ನಿಯಮ ಕೇಳಿದ್ರೆ ಅಪ್ಪ ಕಥೆ ಹೇಳ್ಬೇಕು! ಅದೂ "ಅವರು" ಅಂತ ಅಲ್ಲ, "ನಾವು" ಅಂತ, ಹೇಳೋನು ಐಗುಪ್ತ ಕಣ್ಣಲ್ಲೂ ನೋಡಿರ್ದೇ ಇದ್ರೂ. ಯೆಹೂದ್ಯರ ಪಸ್ಕ ಹಬ್ಬ ಇವತ್ತಿಗೂ ನಡೆಯೋದು ಹೀಗೇ, ಮಕ್ಕಳು ಕೇಳ್ತಾರೆ, ದೊಡ್ಡೋರು ಬಿಡುಗಡೆಯ ಕಥೆ ಹೇಳ್ತಾರೆ.

ನಾವು ಭಾನುವಾರ ಎದ್ದು ನಿಂತು ಹೇಳೋ ವಿಶ್ವಾಸ ಪ್ರಮಾಣನೂ ನೋಡಿ, ಅದು ಬರೀ ಸಿದ್ಧಾಂತದ ಪಟ್ಟಿ ಅಂದ್ಕೊಂಡಿರ್ತೀವಿ, ಆದ್ರೆ ಮಧ್ಯದಲ್ಲಿ ಕನ್ಯೆ ಮರಿಯಳಲ್ಲಿ ಹುಟ್ಟಿ, ಪೊಂತ್ಯ ಪಿಲಾತನ ಕಾಲದಲ್ಲಿ ಬಾಧೆಪಟ್ಟು, ಶಿಲುಬೆಗೆ ಹಾಕಲ್ಪಟ್ಟು, ಸತ್ತು, ಹೂಣಲ್ಪಟ್ಟು, ಎದ್ದು ಬಂದ ಅಂತ ಸಾಲಾಗಿ ನಡೆದ ಘಟನೆಗಳು. ಒಬ್ಬ ರೋಮನ್ ಅಧಿಕಾರಿಯ ಹೆಸರು ಪ್ರಾರ್ಥನೆಯೊಳಗೆ ಬಂದಿರೋದೇ ಇದು ಒಂದು ಕಾಲದಲ್ಲಿ, ಒಂದು ಜಾಗದಲ್ಲಿ ನಿಜವಾಗಿ ನಡೆದಿದ್ದು ಅಂತ ಹೇಳೋಕೆ.

ಈಗ ನಂಗೆ ತುಂಬಾ ಇಷ್ಟವಾದ ಜಾಗಕ್ಕೆ ಬರ್ತೀನಿ, ಮಾರ್ಕನ ಸುವಾರ್ತೆ 5ನೇ ಅಧ್ಯಾಯ. ಸಭಾಮಂದಿರದ ಅಧಿಕಾರಿ ಯಾಯೀರ ಬಂದು ಯೇಸುವಿನ ಕಾಲಿಗೆ ಬೀಳ್ತಾನೆ, ಮಗಳು ಸಾಯೋ ಸ್ಥಿತಿಲಿದಾಳೆ, ಬಂದು ಕೈ ಇಡು ಅಂತ ಬೇಡ್ಕೋತಾನೆ. ಯೇಸು ಹೊರಡ್ತಾನೆ, ಜನ ಮೈಮೇಲೆ ಬೀಳ್ತಿದ್ದಾರೆ, ಆ ನೂಕುನುಗ್ಗಲಲ್ಲಿ ಹನ್ನೆರಡು ವರ್ಷದಿಂದ ರಕ್ತಕುಸುಮ ರೋಗ ಇದ್ದ ಹೆಂಗಸು ಹಿಂದಿನಿಂದ ಬಂದು ಬಟ್ಟೆ ಮುಟ್ತಾಳೆ. ವೈದ್ಯರ ಹತ್ರ ಅಲೆದು ಇದ್ದದ್ದೆಲ್ಲಾ ಖರ್ಚು ಮಾಡಿದಾಳೆ, ಗುಣ ಆಗೋದಿರ್ಲಿ ಇನ್ನೂ ಜಾಸ್ತಿನೇ ಆಗಿದೆ. ಮುಟ್ಟಿದ ತಕ್ಷಣ ವಾಸಿ ಆಯ್ತು. ಅದ್ಭುತ ಅಲ್ಲಿಗೇ ಮುಗೀತು ಅಲ್ವಾ? ಅವಳು ಸುಮ್ನೆ ಜನರೊಳಗೆ ಸೇರ್ಕೊಂಡು ಹೋಗ್ಬಿಡ್ಬಹುದಿತ್ತು, ಯೇಸುನೂ ಮುಂದೆ ಹೋಗ್ಬಹುದಿತ್ತು, ಅಷ್ಟು ಅರ್ಜೆಂಟ್ ಕೆಲ್ಸ ಇತ್ತು. ಆದ್ರೆ ಅವನು ನಿಂತ್ಬಿಡ್ತಾನೆ. ಯಾರು ಮುಟ್ಟಿದ್ದು ಅಂತ ಕೇಳ್ತಾನೆ. ಇಷ್ಟು ಜನ ನೂಕ್ತಿರೋವಾಗ ಯಾರು ಮುಟ್ಟಿದ್ದು ಅಂತ ಕೇಳ್ತೀಯಲ್ಲಾ ಅಂತ ಶಿಷ್ಯರು ಅಂತಾರೆ. ಅವನು ಸುತ್ತ ನೋಡ್ತಾನೇ ಇರ್ತಾನೆ. ಕೊನೆಗೆ ಆ ಹೆಂಗಸು ನಡುಗ್ತಾ ಬಂದು ಕಾಲಿಗೆ ಬಿದ್ದು ನಡೆದದ್ದನ್ನೆಲ್ಲಾ ಹೇಳ್ತಾಳೆ.

ನಡೆದದ್ದನ್ನೆಲ್ಲಾ! ಹನ್ನೆರಡು ವರ್ಷದ್ದನ್ನ ಹೇಳೋಕೆ ಎಷ್ಟು ಹೊತ್ತು ಹಿಡಿದಿರ್ಬಹುದು? ಅದೂ ಆ ಕಾಯಿಲೆ ಇದ್ದೋರನ್ನ ಅಶುದ್ಧ ಅಂತ ದೂರ ಇಡ್ತಿದ್ದ ಕಾಲದಲ್ಲಿ, ಎಲ್ಲರೆದುರಿಗೆ. ಯೇಸು ಪೂರ್ತಿ ಕೇಳಿಸ್ಕೊಂಡು ಅವಳನ್ನ "ಮಗಳೇ" ಅಂತ ಕರೀತಾನೆ. ಯಾಯೀರ ತನ್ನ ಮಗಳಿಗೋಸ್ಕರ ಬಂದಿದ್ದ, ಇಲ್ಲಿ ಇನ್ನೊಬ್ಬಳು ಮಗಳು ಸಿಕ್ಕಿದ್ಲು. ವಾಸಿಯಾಗಿದ್ದು ಬಟ್ಟೆ ಮುಟ್ಟಿದಾಗ, ಆದ್ರೆ ಅವಳು ಮತ್ತೆ ಜನರ ಮಧ್ಯೆ ಒಬ್ಬಳಾಗಿದ್ದು ತನ್ನ ಕಥೆ ಹೇಳ್ಕೊಂಡಾಗ, ಅದನ್ನ ಒಬ್ಬ ನಿಂತು ಕೇಳಿಸ್ಕೊಂಡಾಗ. ನಾನು ಈ ಭಾಗನ ಮಕ್ಕಳಿಗೆ ಹೇಳ್ತಿದ್ದಾಗ ಒಬ್ಬ ಹುಡುಗ ಮಧ್ಯದಲ್ಲೇ ಕೈ ಎತ್ತಿ "ಟೀಚರ್, ಅಷ್ಟು ಹೊತ್ತು ಯಾಯೀರಂಗೆ ಕೋಪ ಬರ್ಲಿಲ್ವಾ?" ಅಂತ ಕೇಳ್ದ. ಎಷ್ಟು ಸರಿಯಾದ ಪ್ರಶ್ನೆ! ಯಾಕಂದ್ರೆ ಯೇಸು ಅವಳ ಹತ್ರ ಇನ್ನೂ ಮಾತಾಡ್ತಿರೋವಾಗ್ಲೇ ಯಾಯೀರನ ಮನೆಯಿಂದ ಜನ ಬಂದು ನಿನ್ನ ಮಗಳು ತೀರ್ಕೊಂಡ್ಲು ಅಂತಾರೆ. ಬೇರೆಯೋರ ಪ್ರಾರ್ಥನೆಗೆ ಉತ್ತರ ಸಿಗ್ತಿರೋವಾಗ ನಮ್ಮದು ತಡ ಆಗೋ ಆ ನೋವನ್ನ ಆ ಹುಡುಗ ಒಂದೇ ಪ್ರಶ್ನೆಲಿ ಹಿಡಿದ್ಬಿಟ್ಟ. "ತಾಳ್ಮೆಯ ಮಹತ್ವ" ಅಂತ ಬೋರ್ಡ್ ಮೇಲೆ ಬರೆದು ಅರ್ಧ ಗಂಟೆ ಮಾತಾಡಿದ್ರೂ ಅವನು ಅಲ್ಲಿಗೆ ಬರ್ತಿರ್ಲಿಲ್ಲ.

ಕಥೆಗೆ ಇನ್ನೊಂದು ಶಕ್ತಿ ಇದೆ, ಅದು ನಾವು ಬಾಗ್ಲು ಹಾಕ್ಕೊಂಡಿದ್ರೂ ಒಳಗೆ ಬರುತ್ತೆ. ಊರೀಯನ ಹೆಂಡತಿ ಬತ್ಷೆಬೆಯನ್ನ ಕರೆಸ್ಕೊಂಡು ಅವನನ್ನ ಕೊಲ್ಲಿಸಿದ ದಾವೀದ ರಾಜನ ಹತ್ರ ಪ್ರವಾದಿ ನಾತಾನ ನೇರವಾಗಿ ನೀನು ಪಾಪಿ ಅಂದಿದ್ರೆ ಏನಾಗ್ತಿತ್ತೋ. ಅವನು ಹೇಳಿದ್ದು ಒಬ್ಬ ಬಡವನ ಕುರಿಮರಿ ಕಥೆ, ಅವನ ತುತ್ತಲ್ಲೇ ತಿಂದು ಅವನ ಮಡಿಲಲ್ಲೇ ಮಲಗ್ತಿದ್ದ ಒಂದೇ ಒಂದು ಮರಿ, ಅದನ್ನ ಪಕ್ಕದ ಸಾಹುಕಾರ ಕಿತ್ಕೊಂಡು ಅತಿಥಿಗೆ ಅಡುಗೆ ಮಾಡಿಸ್ದ ಅಂತ. ರಾಜ ಕೆಂಡಾಮಂಡಲ ಆಗಿ ಅವನು ಸಾಯ್ಬೇಕು ಅಂತ ತೀರ್ಪು ಕೊಟ್ಮೇಲೇ "ಆ ಮನುಷ್ಯ ನೀನೇ". ತನ್ನ ಬಾಯಿಂದಲೇ ತನ್ನ ತೀರ್ಪು. ಯೇಸುವಿನ ಸಾಮ್ಯಗಳೂ, ಅಂದ್ರೆ ಅವನು ಹೇಳಿದ ಉಪಮೆ ಕಥೆಗಳೂ ಹೀಗೇ. ಲೂಕ 15ರಲ್ಲಿ ಕಿರಿ ಮಗ ವಾಪಸ್ ಬಂದ ಕಥೆನ ನಾವು ಸಂತೋಷವಾಗಿ ಮುಗಿಸ್ಬಿಡ್ತೀವಿ, ಆದ್ರೆ ಯೇಸು ಮುಗಿಸಿದ್ದು ಹಾಗಲ್ಲ. ಹಿರಿ ಮಗ ಕೋಪ ಮಾಡ್ಕೊಂಡು ಹೊರಗೆ ನಿಂತಿದಾನೆ, ತಂದೆ ಹೊರಗೆ ಬಂದು ಕರೀತಿದಾನೆ, ಅಷ್ಟೇ, ಕಥೆ ನಿಂತ್ಹೋಗುತ್ತೆ. ಒಳಗೆ ಹೋದ್ನಾ ಇಲ್ವಾ ಗೊತ್ತಿಲ್ಲ. ಯಾಕಂದ್ರೆ ಎದುರಿಗೆ ಕೂತಿದ್ದೋರು ಇವನು ಪಾಪಿಗಳ ಜೊತೆ ಊಟ ಮಾಡ್ತಾನೆ ಅಂತ ಗೊಣಗ್ತಿದ್ದ ಫರಿಸಾಯರು, ಧರ್ಮಶಾಸ್ತ್ರನ ಕಟ್ಟುನಿಟ್ಟಾಗಿ ಪಾಲಿಸ್ತಿದ್ದೋರು, ಕಥೆಯ ಕೊನೆ ಅವರು ಮಾಡ್ಬೇಕಾಗಿತ್ತು.

"ಹಾಗಾದ್ರೆ ಬೋಧನೆ ಬೇಡ್ವಾ, ಯಾರ್ ಯಾರೋ ತಮಗೆ ಬೇಕಾದ ಅರ್ಥ ಮಾಡ್ಕೊಂಡ್ರೆ?" ಅಂತ ಕೇಳ್ತಾರೆ. ನ್ಯಾಯವಾದ ಭಯ. ಬೋಧನೆ ಖಂಡಿತ ಬೇಕು. 325ರಲ್ಲಿ ನೈಸೀಯದಲ್ಲಿ ಬಿಷಪ್‌ಗಳು ಸೇರಿದ್ದು ಯಾಕೆ, ದೇವರ ಮಗನಾದ ಯೇಸುನೂ ಸೃಷ್ಟಿಯಾದವನೇ ಅಂತ ಏರಿಯಸ್ ಅನ್ನೋ ಪಾದ್ರಿ ಹೇಳಿದಾಗ, ಶಿಲುಬೆ ಮೇಲೆ ಸತ್ತವನು ಯಾರು ಅನ್ನೋದನ್ನ ಗಟ್ಟಿ ಮಾಡ್ಬೇಕಾಗಿತ್ತು, ಇಲ್ಲಾಂದ್ರೆ ಕಥೆನೇ ಬೇರೆ ಆಗ್ತಿತ್ತು. ಆದ್ರೆ ಬೋಧನೆ ಕಾಯೋದು ಆ ಕಥೆಯನ್ನ, ಅದರ ಜಾಗದಲ್ಲಿ ತಾನು ಬಂದು ಕೂರೋಕಲ್ಲ.

ನಿಜ ಹೇಳ್ಬೇಕಂದ್ರೆ ತಪ್ಪರ್ಥ ಜಾಸ್ತಿ ಹುಟ್ಟೋದು ಕಥೆಯಿಂದ ವಾಕ್ಯ ಕಿತ್ತು ತೆಗೆದಾಗ. ಬೈಬಲ್‌ಗೆ ಈಗಿರೋ ಅಧ್ಯಾಯದ ವಿಂಗಡಣೆ ಬಂದಿದ್ದೇ 13ನೇ ಶತಮಾನದಲ್ಲಿ, ಹೊಸ ಒಡಂಬಡಿಕೆಗೆ ಈಗಿನ ವಾಕ್ಯದ ನಂಬರ್ ಹಾಕಿದ್ದು ಎಸ್ತಿಯೆನ್ ಅನ್ನೋ ಮುದ್ರಕ, 1551ರಲ್ಲಿ. ಹುಡುಕೋಕೆ ಬಹಳ ಅನುಕೂಲ, ಆದ್ರೆ ಅದರಿಂದ ನಾವು ತುಂಡು ತುಂಡಾಗಿ ಓದೋದನ್ನ ಕಲಿತ್ಬಿಟ್ವಿ. ಯೆರೆಮೀಯ 29:11 ಎಷ್ಟು ಕ್ಯಾಲೆಂಡರ್, ಎಷ್ಟು ವಾಟ್ಸಾಪ್ ಸ್ಟೇಟಸ್‌ಗಳಲ್ಲಿದೆ, ನಿಮ್ಮ ಬಗ್ಗೆ ನನಗಿರೋ ಆಲೋಚನೆ ಕೇಡಿಗಲ್ಲ ಹಿತಕ್ಕೆ ಅಂತ. ಪರೀಕ್ಷೆಗೆ ಹೋಗೋರಿಗೆ, ಇಂಟರ್‌ವ್ಯೂಗೆ ಹೋಗೋರಿಗೆ ಕಳಿಸ್ತೀವಿ. ಅದರ ಕಥೆ ಹೇಳಿ ನೋಡಿ. ಯೆರೂಸಲೇಮಿಂದ ಬಾಬೆಲಿಗೆ ಸೆರೆ ಹೋದೋರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ಅದು. ಅದಕ್ಕೆ ಹಿಂದಿನ ಅಧ್ಯಾಯದಲ್ಲೇ ಹನನ್ಯ ಅನ್ನೋನು ಎರಡೇ ವರ್ಷದಲ್ಲಿ ಎಲ್ಲಾ ವಾಪಸ್ ಬರುತ್ತೆ ಅಂತ ಜನರಿಗೆ ಖುಷಿಯಾಗೋ ಪ್ರವಾದನೆ ಹೇಳಿರ್ತಾನೆ, ಅದು ಸುಳ್ಳು. ಯೆರೆಮೀಯ ಎಪ್ಪತ್ತು ವರ್ಷ ಆಗುತ್ತೆ, ಅಲ್ಲೇ ಮನೆ ಕಟ್ಕೊಳ್ಳಿ, ತೋಟ ಮಾಡ್ಕೊಳ್ಳಿ, ಆ ಪಟ್ಟಣದ ಕ್ಷೇಮಕ್ಕೆ ಪ್ರಾರ್ಥನೆ ಮಾಡಿ ಅಂತ ಬರೀತಾನೆ. ಎಪ್ಪತ್ತು ವರ್ಷ ಅಂದ್ರೆ ಆ ಪತ್ರ ಓದಿದ ದೊಡ್ಡೋರಲ್ಲಿ ಬಹಳ ಜನ ವಾಪಸ್ ಹೋಗೋದನ್ನ ನೋಡೋದೇ ಇಲ್ಲ! ಈ ಕಥೆ ಗೊತ್ತಾದ್ಮೇಲೆ ಆ ವಾಕ್ಯದ ಭಾರನೇ ಬೇರೆ, ಕಾಯಿಲೆ ಬೇಗ ವಾಸಿ ಆಗ್ದೇ ಇರೋರಿಗೂ ಆಗ ಅದನ್ನ ಪ್ರಾಮಾಣಿಕವಾಗಿ ಹೇಳ್ಬಹುದು.

ಹಳೇ ಕಾಲದೋರು ಇದನ್ನ ನಮಗಿಂತ ಚೆನ್ನಾಗಿ ತಿಳ್ಕೊಂಡಿದ್ರು ಅನ್ಸುತ್ತೆ. ಅಸ್ಸೀಸಿಯ ಫ್ರಾನ್ಸಿಸ್ 1223ರ ಕ್ರಿಸ್ಮಸ್‌ಗೆ ಗ್ರೆಚ್ಚೋದಲ್ಲಿ ಗೋದಲಿ, ಹುಲ್ಲು, ಎತ್ತು, ಕತ್ತೆ ಎಲ್ಲಾ ತಂದಿಟ್ಟು ಜನರಿಗೆ ಆ ರಾತ್ರಿನ ತೋರಿಸಿದ. ಗೋವಾದಲ್ಲಿದ್ದ ಥಾಮಸ್ ಸ್ಟೀಫನ್ಸ್ ಅನ್ನೋ ಇಂಗ್ಲಿಷ್ ಪಾದ್ರಿ ಸೃಷ್ಟಿಯಿಂದ ಯೇಸುವಿನವರೆಗಿನ ಕಥೆನ ಮರಾಠಿಲಿ, ಓವಿ ಛಂದಸ್ಸಲ್ಲಿ, ಪುರಾಣ ಕೇಳಿ ಬೆಳೆದ ಕಿವಿಗೆ ಹಿಡಿಸೋ ಹಾಗೆ ಬರೆದ, ಅದು 1616ರಲ್ಲಿ ಅಚ್ಚಾಯ್ತು, ಕ್ರಿಸ್ತಪುರಾಣ. ಕೇಳೋರು ಯಾವ ರೀತಿ ಕಥೆ ಕೇಳ್ತಾರೋ ಆ ರೀತಿಲೇ ಹೇಳೋದು ಪ್ರೀತಿ, ನನ್ನ ಪ್ರಕಾರ.

ಇನ್ನು ಸಾಕ್ಷಿ, ಅಂದ್ರೆ ದೇವರು ತನ್ನ ಬದುಕಲ್ಲಿ ಮಾಡಿದ್ದನ್ನ ಸಭೆ ಮುಂದೆ ಹೇಳ್ಕೊಳ್ಳೋದು. ಇದರ ಬಗ್ಗೆ ಸ್ವಲ್ಪ ನೋವಿಂದಲೇ ಬರೀತಿದೀನಿ. ಸಾಕ್ಷಿ ಹೇಳೋದು ನಮ್ಮಲ್ಲಿ ಎಷ್ಟು ಒಳ್ಳೇ ಪದ್ಧತಿ, ಆದ್ರೆ ಅದಕ್ಕೊಂದು ಅಚ್ಚು ಬಂದ್ಬಿಟ್ಟಿದೆ. ಮೊದಲು ಕುಡಿತ, ಸಾಲ, ಆತ್ಮಹತ್ಯೆ ಪ್ರಯತ್ನ, ಆಮೇಲೆ ಒಂದು ಕೂಟ, ಆಮೇಲೆ ಎಲ್ಲಾ ಸರಿಹೋಯ್ತು. ಹಾಗೆ ನಿಜವಾಗಿ ನಡೆದೋರು ಹೇಳ್ಲಿ, ದೇವರಿಗೆ ಸ್ತೋತ್ರ. ಆದ್ರೆ ಸಣ್ಣೋರಿಂದ ಸುಮ್ನೆ ಪ್ರಾರ್ಥನೆ ಮಾಡ್ಕೊಂಡು ಬೆಳೆದೋರು ನಂಗೆ ಸಾಕ್ಷಿನೇ ಇಲ್ಲ ಅಂದ್ಕೋತಾರೆ, ಇನ್ನು ಕೆಲವರು ಹಳೇ ಪಾಪಕ್ಕೆ ಬಣ್ಣ ಹಚ್ಚಿ ಹೇಳೋಕೆ ಶುರು ಮಾಡ್ತಾರೆ, ಯಾಕಂದ್ರೆ ಸಭೆ ಚಪ್ಪಾಳೆ ತಟ್ಟೋದು ಅದಕ್ಕೇ. ಒಂದು ಕೂಟದಲ್ಲಿ ಒಬ್ಬ ತಾಯಿಯ ಮನೆ ಕಷ್ಟನ ಅವರನ್ನ ಕೇಳ್ದೇನೇ ವೇದಿಕೆ ಮೇಲಿಂದ ಉದಾಹರಣೆ ಮಾಡಿ ಹೇಳಿದ್ರು, ಅವರು ತಲೆ ಬಗ್ಗಿಸ್ಕೊಂಡು ಕೂತಿದ್ದನ್ನ ನಾನು ಹಿಂದಿನ ಸಾಲಿಂದ ನೋಡ್ದೆ. ಕಥೆ ಯಾರದ್ದೋ ಅವರ ಅನುಮತಿ ಇಲ್ದೇ ಹೇಳೋದು ಸೇವೆ ಅಲ್ಲ, ಎಷ್ಟೇ ಒಳ್ಳೇ ಉದ್ದೇಶ ಇದ್ರೂ.

ಅಪೊಸ್ತಲರ ಕೃತ್ಯಗಳಲ್ಲಿ ದಮಸ್ಕದ ದಾರಿಲಿ ಯೇಸು ಕಾಣಿಸ್ಕೊಂಡು ಪೌಲನ ಬದುಕು ತಿರುಗಿದ ಕಥೆ ಮೂರು ಸಲ ಬರುತ್ತೆ, 9, 22, 26ರಲ್ಲಿ. ಯೆರೂಸಲೇಮಿನ ಜನರ ಮುಂದೆ ಹೇಳೋವಾಗ ಅವರದೇ ಭಾಷೇಲಿ, ಗಮಲಿಯೇಲ ಅನ್ನೋ ಗುರುವಿನ ಹತ್ರ ಓದಿದ್ದನ್ನ, ತನಗೆ ಮತ್ತೆ ಕಣ್ಣು ಕಾಣೋ ಹಾಗೆ ಮಾಡಿದ ಅನನೀಯ ಧರ್ಮಶಾಸ್ತ್ರದಂತೆ ನಡೆಯೋ ಭಕ್ತ ಅನ್ನೋದನ್ನ ಹೇಳ್ತಾನೆ. ಅಗ್ರಿಪ್ಪ ರಾಜನ ಮುಂದೆ ಅನನೀಯನ ಹೆಸರೇ ಇಲ್ಲ. ಕಥೆಯ ತಿರುಳು ಬದಲಾಗ್ಲಿಲ್ಲ, ಕೇಳೋರನ್ನ ನೋಡ್ಕೊಂಡು ಹೇಳಿದ ಅಷ್ಟೇ. ಸಾಕ್ಷಿ ಎಲ್ಲಾ ಸರಿಹೋದಲ್ಲೇ ಮುಗೀಬೇಕು ಅಂತನೂ ಇಲ್ಲ. ಮಾರ್ಕನ ಸುವಾರ್ತೆ 4ನೇ ಶತಮಾನದ ಎರಡು ಮುಖ್ಯ ಹಸ್ತಪ್ರತಿಗಳಲ್ಲಿ 16:8ಕ್ಕೇ ನಿಲ್ಲುತ್ತೆ, ಹೆಂಗಸರು ಖಾಲಿ ಸಮಾಧಿಯಿಂದ ಹೆದರಿ ಓಡಿಹೋಗಿ ಯಾರಿಗೂ ಏನೂ ಹೇಳ್ಲಿಲ್ಲ ಅಂತ. ಇನ್ನೂ ನಡುಗ್ತಾ ಇರೋರೂ ಎದ್ದು ನಿಂತು "ನಂಗೆ ಇನ್ನೂ ಉತ್ತರ ಸಿಕ್ಕಿಲ್ಲ, ಆದ್ರೂ ಬಂದಿದೀನಿ" ಅನ್ನೋಕೆ ನಮ್ಮ ಸಭೆಗಳಲ್ಲಿ ಜಾಗ ಇರ್ಬೇಕು.

ಕೂಟ ನಡೆಸೋರಿಗೆ, ಸಂಡೇ ಸ್ಕೂಲ್ ಟೀಚರ್‌ಗಳಿಗೆ ಒಂದು ಕೋರಿಕೆ. ರೂತಳ ಪುಸ್ತಕ ನಾಲ್ಕೇ ಅಧ್ಯಾಯ, ನಿಧಾನಕ್ಕೆ ಓದಿದ್ರೂ ಇಪ್ಪತ್ತು ನಿಮಿಷ. ಒಂದು ಸಂಜೆ ಅದನ್ನ ನಿಲ್ಲಿಸ್ದೇ, ವಾಕ್ಯದ ನಂಬರ್ ಹೇಳ್ದೇ, ಜೋರಾಗಿ ಓದಿ. ಗಂಡ, ಇಬ್ಬರು ಮಕ್ಕಳನ್ನ ಕಳ್ಕೊಂಡು ಬೆತ್ಲೆಹೇಮಿಗೆ ಬಂದ ನೊವೊಮಿ ನನ್ನನ್ನ ಮಾರಾ (ಅಂದ್ರೆ ಕಹಿ) ಅಂತ ಕರೀರಿ, ತುಂಬಿ ಹೋದವಳನ್ನ ದೇವರು ಬರಿಗೈಲಿ ಕರ್ಕೊಂಡು ಬಂದ ಅಂತ ಹೇಳೋ ಜಾಗ ಬಂದಾಗ ಅವಳ ಪರವಾಗಿಯೂ ಮಾತಾಡ್ಬೇಡಿ, ದೇವರ ಪರವಾಗಿಯೂ ಮಾತಾಡ್ಬೇಡಿ, ಓದ್ಕೊಂಡು ಹೋಗಿ. ಮುಗಿದ್ಮೇಲೆ ಕಥೆಲಿ ನೀವು ಯಾರ ಪಕ್ಕ ನಿಂತಿದ್ರಿ ಅಂತ ಒಂದೇ ಪ್ರಶ್ನೆ ಕೇಳಿ, ಆಮೇಲೆ ಕಾಯಿರಿ. ಮೊದಲ ಎರಡು ನಿಮಿಷ ಯಾರೂ ಬಾಯಿ ಬಿಡಲ್ಲ, ಅದು ಸಹಜ, ಗಾಬರಿಯಾಗಿ ನೀವೇ ವಿವರಣೆ ಶುರು ಮಾಡ್ಬೇಡಿ. ಪಾಠ ಹೇಳೋದಿದ್ರೆ ಮುಂದಿನ ವಾರ ಹೇಳ್ಬಹುದು, ಅಷ್ಟರಲ್ಲಿ ಅವರೇ ಏನಾದ್ರೂ ಹುಡುಕ್ಕೊಂಡು ಬಂದಿರ್ತಾರೆ.